ಎಂಟು ಗಂಟೆಯ ಗುಳಿಗೆ

ಎರಡು ಸಾವಿರದ ಹನ್ನೊಂದನೆಯ ಇಸವಿಯ ಜೂನ್ ಒಂದರಿಂದ ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನಲ್ಲಿ ಗುಳಿಗೆ ನುಂಗಿಸುವ ಜವಾಬ್ದಾರಿಯನ್ನು ಮೊಬೈಲುಗಳಿಗೆ ವಹಿಸಲಾಯಿತು. ಸೂಜಿಯ ನಶೆಯಿಂದ ಎಚ್‌ಐವಿ ಅಂಟಿಸಿಕೊಂಡವರು ಈ ಮೂರು ಊರುಗಳ ಸುತ್ತ ನಲವತ್ತು ಮಂದಿ. ಅವರಿಗೆ ಗುಳಿಗೆ ಒಂದು ಹೊತ್ತೂ ತಪ್ಪಬಾರದು. ತಪ್ಪುತ್ತ ಹೋದರೆ ರೋಗ ಗಟ್ಟಿಯಾಗುತ್ತದೆ, ಮನುಷ್ಯ ಮೆತ್ತಗಾಗುತ್ತಾನೆ. ಆದ್ದರಿಂದ 'ಗುಳಿಗೆ ಸ್ಮರಣ ಯೋಜನೆ'ಯ ಜಹೀರಾಬಾದ್ ಕಚೇರಿ ನಲವತ್ತು ಮೊಬೈಲು ಹಂಚಿತು. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ಕಂಪ್ಯೂಟರೇ ಫೋನು ಮಾಡುತ್ತದೆ. ನುಂಗಿದವರು ಒಂದು ಒತ್ತಬೇಕು. ಹತ್ತು ನಿಮಿಷದೊಳಗೆ ಒಂದು ಬಾರದಿದ್ದರೆ ಗುಳಿಗೆ ಹೊಟ್ಟೆಗೆ ಹೋಗಿಲ್ಲವೆಂದು ತಿಳಿಯತಕ್ಕದ್ದು.

ರೋಗಿಯ ಗುಟ್ಟು ಕಾಪಾಡುವುದು ನಿಯಮ ನಾಲ್ಕು. ಹೀಗಾಗಿ ಫೋನಿನಲ್ಲಿ ಗುಳಿಗೆಯ ಹೆಸರೆತ್ತುವಂತಿರಲಿಲ್ಲ. "ಎತ್ತಿಗೆ ಮೇವು ಹಾಕಿದಿರಾ?" ಎಂದು ಒಂದು ಹೆಣ್ಣುದನಿ ಕೇಳುತ್ತಿತ್ತು.

ಝರಾಸಂಗಂ ಕಡೆಯ ವಿಠೋಬಾನಿಗೆ ಎತ್ತಿರಲಿಲ್ಲ. ಬೊಂಬಾಯಿ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದವನು. ನಡುನೋವಿಗೆಂದು ಹಿಡಿದ ಸೂಜಿ ನಡುವನ್ನು ಬಿಟ್ಟು ತಲೆಗೇರಿತ್ತು. ಅದನ್ನು ಬಿಟ್ಟು ಈಗ ಎರಡು ವರ್ಷ. ಆ ಎರಡು ವರ್ಷವೂ ಹೆಂಡತಿ ಕಾಂತಾಬಾಯಿ ತಾಟಿನ ಅಂಚಿಗೆ ಗುಳಿಗೆ ಇಟ್ಟು, ಅವನು ನುಂಗುವ ತನಕ ಪಲ್ಯ ಬಡಿಸುತ್ತಿರಲಿಲ್ಲ. ಒಂದು ಹೊತ್ತೂ ತಪ್ಪಿರಲಿಲ್ಲ.

ಸಂಜೆಯ ಫೋನಿನ ದನಿ ಓಣಿಗೆಲ್ಲ ಕೇಳಿ, ಬಿತ್ತನೆಗೆ ಎತ್ತು ಕೊಡೆಂದು ಇಬ್ಬರು ಬಂದು ಹೋದರು. ಬೆಳಗಿನ ಫೋನು ಬರಲೇ ಇಲ್ಲ. ಆ ಊರಿನಲ್ಲಿ ಏಳರಿಂದ ಹತ್ತರ ತನಕ ಕರೆಂಟು ಇರುತ್ತಿರಲಿಲ್ಲ. ಕರೆಂಟು ಹೋದರೆ ಟವರೂ ಹೋಗುತ್ತಿತ್ತು. ತಿಂಗಳು ತುಂಬುತ್ತಲೇ ಕಾಗದ ಬಂತು: 'ತಾವು ಮೂವತ್ತು ದಿನಗಳ ಬೆಳಗಿನ ಗುಳಿಗೆಯನ್ನು ನುಂಗಿರುವುದಿಲ್ಲ. ಕಾರಣ ತಿಳಿಸುವುದು.'

ಗಂಡ ಹೆಂಡತಿ ಕಚೇರಿಗೆ ಹೋದರು. ಯೋಜನೆಯ ಅಧಿಕಾರಿ ಸಂಜೀವಕುಮಾರ ಒಳ್ಳೆಯ ಮನುಷ್ಯ. ಕೂಡಿಸಿ ಚಹಾ ತರಿಸಿದ.

"ಡಬ್ಬಿ ಖಾಲಿ ಅದ ನೋಡ್ರಿ ಸಾಹೇಬ್ರ. ಎಲ್ಲಾ ನುಂಗೀನಿ," ಎಂದ ವಿಠೋಬಾ.

"ಡಬ್ಬಿ ಖಾಲಿ ಇದ್ದದ್ದು ನನಗೂ ಕಾಣ್ತದ. ಆದ್ರ ಕಂಪ್ಯೂಟರಿನಾಗ ನಿಮ್ಮ ಹೊಟ್ಟಿನೂ ಖಾಲಿ ಅದ."

"ಆರೂವರಿಗಿ ಫೋನ್ ಹಚ್ಚರಿ. ಆಗ ಕರೆಂಟ್ ಇರ್ತದ," ಎಂದಳು ಕಾಂತಾಬಾಯಿ.

"ಎಂಟಕ್ಕಂತ ಮಂಜೂರಾಗ್ಯಾದ ಬಾಯಿ. ನೀವು ಕರೆಂಟಿನವರಿಗಿ ಒಂದು ಅರ್ಜಿ ಕೊಡ್ರಿ."

ರಕ್ತ ಪರೀಕ್ಷೆ ಮಾಡಿಸಿದಾಗ ವಿಠೋಬಾನ ರೋಗನಿರೋಧಕ ಕಣಗಳು ಹಿಂದಿಗಿಂತ ಎರಡು ಪಟ್ಟು ಏರಿದ್ದವು. ಸಂಜೀವಕುಮಾರ ಆ ಚೀಟಿಯನ್ನು ಬಹಳ ಹೊತ್ತು ನೋಡಿದ. ಗುಳಿಗೆ ನುಂಗದೆಯೂ ಚೇತರಿಸಿಕೊಂಡ ರೋಗಿಯೊಬ್ಬ ತನ್ನ ವ್ಯಾಪ್ತಿಯಲ್ಲಿ ಪತ್ತೆಯಾಗಿದ್ದಾನೆಂದು ಹೈದರಾಬಾದಿಗೆ ಬರೆದು ಹಾಕಿದ.

ಆಗಸ್ಟಿನಲ್ಲಿ 'ಆದರ್ಶ ಗುಳಿಗೆದಾರ' ಪ್ರಶಸ್ತಿ ತಾಂಡೂರಿನ ಶಂಕ್ರೆಪ್ಪನಿಗೆ ಬಂತು. ನೆಲಕ್ಕೆ ಹಾಸುವ ಪರಸಿ ಕಲ್ಲು ನಯ ಮಾಡುವ ಕೆಲಸದವನು. ಅವನ ಫೋನು ಎರಡೂ ಹೊತ್ತು, ಒಂದು ದಿನವೂ ಬಿಡದೆ ಒಂದು ಒತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ವಿಠೋಬಾನಿಗೆ ಶಾಲು ಹಿಡಿದ ಆ ಕೈಯಲ್ಲಿ ಸೂಜಿಯ ಗುರುತು ಕಂಡಿತು. ಮೊಳಕೈಯ ಒಳಗಡೆ ಹಸಿ ಗಾಯವೂ ಕಂಡಿತು. ಸಭೆ ಮುಗಿದ ಮೇಲೆ ಅವನನ್ನು ಬೇವಿನ ನೆರಳಿಗೆ ಕರೆದ.

"ನಿನ್ನ ಫೋನ್ ಎಲ್ಲದ?"

"ಚಾ ಹೋಟಲಿನಾಗ. ಮಾಲಕ ಒತ್ತತಾನ. ಭಾಳ ಶಿಸ್ತಿನ ಮನಶ್ಯಾ."

"ಗುಳಿಗಿ?"

ಶಂಕ್ರೆಪ್ಪ ಶಾಲಿನ ಅಂಚು ಮಡಚಿದ. "ಸೂಜಿ ಮತ್ತ ಹಿಡದೀನಿ ಅಣ್ಣಾ. ಗುಳಿಗಿ ಮುಟ್ಟಿ ಎರಡು ತಿಂಗಳಾತು. ಖರೆ ಹೇಳಿದ್ರ ಹೆಸರು ತಗೀತಾರ."

ಅದು ನಿಜ. ನಿಯಮ ಒಂಬತ್ತರ ಪ್ರಕಾರ, ನಶೆ ಮಾಡುವವರಿಗಾಗಿ ಮಾಡಿದ ಆ ಯೋಜನೆಯಲ್ಲಿ ನಶೆ ಮಾಡುವವರಿಗೆ ಅವಕಾಶವಿರಲಿಲ್ಲ.

ವಿಠೋಬಾನಿಗೆ ಸಿಟ್ಟು ಬರಲಿಲ್ಲ, ಭಯ ಬಂತು. ಎರಡು ವರ್ಷದ ಹಿಂದಿನ ತನ್ನ ಮುಖವನ್ನೇ ನೋಡಿದಂತಾಗಿತ್ತು. ಮರುದಿನ ಶಂಕ್ರೆಪ್ಪನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಬೈಯದೆ, ಪರೀಕ್ಷೆ ಮಾಡಿ, ಗುಳಿಗೆ ಮತ್ತೆ ಶುರು ಮಾಡಿಸಿದರು. ಚಾ ಹೋಟಲಿನ ಫೋನನ್ನು ಅವನ ಕೈಗೆ ವಾಪಸು ಕೊಡಿಸಿ, ನುಂಗಿಸುವ ಕೆಲಸವನ್ನು ಕಾಂತಾಬಾಯಿ ಹಿಡಿದಳು. ದಿನಾ ಬೆಳಿಗ್ಗೆ ಆರೂವರೆಗೆ, ಕರೆಂಟು ಹೋಗುವ ಮೊದಲೇ, ಸಂಜೆಗೂ ಮತ್ತೊಮ್ಮೆ, ಫೋನು ಹಚ್ಚಿದಳು.

"ಶಂಕ್ರೆಪ್ಪಣ್ಣಾ, ಸೂಜಿ ಮಾತು ಆಮ್ಯಾಲ ಇವರು ಮಾತಾಡ್ತಾರ. ಮೊದಲ ಗುಳಿಗಿ ಬಾಯಾಗ ಹಾಕ್ಕೊ. ನೀರು ಕುಡಿಯೋ ಸಪ್ಪಳ ನನಗ ಕೇಳಬೇಕು."

ಸಪ್ಪಳ ಕೇಳಿದ ಮೇಲೆ ಫೋನು ವಿಠೋಬಾನ ಕೈಗೆ ಬರುತ್ತಿತ್ತು. ಸೂಜಿ ಬಿಡುವಾಗಿನ ನಡುಕ, ಬೆವರು, ಎಲ್ಲವನ್ನೂ ಅವನು ದಾರಿ ಬಲ್ಲ ಡ್ರೈವರಿನಂತೆ ಹೇಳುತ್ತಿದ್ದ. 'ಬಾಯಿ ಬೈತಾಳ, ಆದ್ರ ಹೆಸರು ತಗಿಯಂಗಿಲ್ಲ' ಎಂಬ ಸುದ್ದಿ ಹಬ್ಬಿತು. ಒಂದೇ ತಿಂಗಳಲ್ಲಿ ನಲವತ್ತೂ ಮಂದಿ ಕಾಂತಾಬಾಯಿಗೆ ನೀರಿನ ಸಪ್ಪಳ ಕೇಳಿಸತೊಡಗಿದರು.

ಸೆಪ್ಟೆಂಬರಿನಲ್ಲಿ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ಶುರುವಾಯಿತು. ಬಸ್ಸು ನಿಂತವು, ಕಚೇರಿಗೆ ಬೀಗ ಬಿತ್ತು, ಕಂಪ್ಯೂಟರಿನವನೂ ಮುಷ್ಕರಕ್ಕೆ ಕೂತ. ವಿಠೋಬಾ ಯಾರದೋ ಮೋಟಾರ್ ಸೈಕಲ್ ಕೇಳಿ ತಂದು, ಆಸ್ಪತ್ರೆಯಿಂದ ಎಲ್ಲರ ಗುಳಿಗೆ ತರಲು ಹೊರಟ. ವಾಪಸು ಬರುವಾಗ ಹೆದ್ದಾರಿಯ ಮೇಲೆ ಒಲೆ ಹೂಡಿ ಅಡುಗೆ ಮಾಡುತ್ತಿದ್ದ ಚಳವಳಿಗಾರರು ತಡೆದರು.

"ಚೀಲದಾಗ ಏನದ?"

"ಗುಳಿಗಿ ಅವ. ನಲವತ್ತು ಮಂದಿವು. ನಂದೂ ಅದ್ರಾಗ ಅದ."

ಅವರು ದಾರಿ ಬಿಟ್ಟರು. ಒಬ್ಬ ಎಲೆ ಹಾಕಿ ಅನ್ನ ಬಡಿಸಿದ. ಉಂಡು, ಜೈ ತೆಲಂಗಾಣ ಅಂದು, ವಿಠೋಬಾ ತಾಂಡೂರಿನ ದಾರಿ ಹಿಡಿದ.

ನಲವತ್ತೆರಡು ದಿನದ ಮೇಲೆ ಕಚೇರಿ ತೆರೆಯಿತು. ಎಲ್ಲರ ರಕ್ತ ಪರೀಕ್ಷೆಯೂ ಚೆನ್ನಾಗಿ ಬಂತು. ಶಂಕ್ರೆಪ್ಪನ ಮುಖಕ್ಕೂ ಬಣ್ಣ ಬಂದಿತ್ತು. 'ಯೋಜನೆ ಸ್ಥಗಿತಗೊಂಡ ಅವಧಿಯಲ್ಲಿ ಯೋಜನೆ ಸಂಪೂರ್ಣ ಯಶಸ್ವಿಯಾಗಿದೆ' ಎಂದು ಸಂಜೀವಕುಮಾರ ವರದಿ ಬರೆದ. ಹೈದರಾಬಾದಿನವರು ಮೆಚ್ಚಿಕೊಂಡು, ಬಳಸಿದ ತಂತ್ರಜ್ಞಾನ ಯಾವುದೆಂದು ಕೇಳಿದರು.

ಸಂಜೀವಕುಮಾರ ರೋಗಿಗಳಲ್ಲಿ ವಿಚಾರಿಸಿಕೊಂಡು ಝರಾಸಂಗಂ ಕಡೆ, ವಿಠೋಬಾನ ಮನೆಗೆ ಬಂದ. "ಬಾಯಿ, ನಿಮ್ಮನ್ನ ಕೆಲಸಕ್ಕ ತಗೋಬೇಕಂದ್ರ ಹುದ್ದೆ ಇಲ್ಲ. ಯಂತ್ರಕ್ಕ ಮಾತ್ರ ಮಂಜೂರಿ ಅದ."

ಕಾಂತಾಬಾಯಿ ಕೇಳಿದಳು. "ಯಂತ್ರ ಆದ್ರ ಎಂಟಕ್ಕೇ ಫೋನ್ ಮಾಡಬೇಕೇನ್ರಿ?"

"ಇಲ್ರಿ. ಯಂತ್ರಕ್ಕ ಅನುಕೂಲ ಆದಾಗ."

"ಹಂಗಾರ ಬರಕೊಳ್ರಿ."

ಸಾಮಾನಿನ ರಿಜಿಸ್ಟರಿನಲ್ಲಿ ನಲವತ್ತು ಮೊಬೈಲುಗಳ ಕೆಳಗೆ ನಮೂದಾಯಿತು: 'ಕಾಂತಾಬಾಯಿ, ಒಂದು. ಸುಸ್ಥಿತಿಯಲ್ಲಿದೆ.'

ಮಾರ್ಚಿನಲ್ಲಿ ಹೈದರಾಬಾದಿನಿಂದ ತಪಾಸಣೆಗೆ ಸಾಹೇಬರು ಬಂದರು. ಯಂತ್ರ ರೊಟ್ಟಿ ಬಡಿಯುತ್ತಿತ್ತು. ಎಷ್ಟು ವರ್ಷದಿಂದ ಬಳಕೆಯಲ್ಲಿದೆ, ರಿಪೇರಿಗೆ ಬಂದಿತ್ತೇ ಎಂದು ಅವರು ವಿಠೋಬಾನನ್ನು ತೆಲುಗಿನಲ್ಲಿ ಕೇಳಿದರು.

"ಇಪ್ಪತ್ತು ವರ್ಷ ಆತ್ರಿ. ರಿಪೇರಿ ಅದೇ ನಮಗ ಮಾಡ್ತದ."

ಉತ್ತರ ತೃಪ್ತಿಕರವೆಂದು ಸಾಹೇಬರು ಬರೆದುಕೊಂಡರು. ಉಳಿದ ಎರಡು ಊರುಗಳಿಗೂ ಇದೇ ಮಾದರಿಯ ಯಂತ್ರ ಒದಗಿಸಬೇಕೆಂದು ಶಿಫಾರಸು ಮಾಡಿದರು. ತಾಂಡೂರಿಗೆ ಇನ್ನೂ ಹುಡುಕುತ್ತಿದ್ದಾರೆ. ನಾರಾಯಣಖೇಡಕ್ಕೆ ಸಿರ್ಗಾಪುರದ ಭೀಮಮ್ಮ ಬಂದಿದೆ. ಬೆಳಿಗ್ಗೆ ಐದಕ್ಕೇ ಬೈಯಲು ಶುರು ಮಾಡುತ್ತದೆ ಎಂಬುದೊಂದನ್ನು ಬಿಟ್ಟರೆ ಈವರೆಗೆ ಯಾವ ದೂರೂ ಇಲ್ಲ.