ಖಾಲಿ ಮಗ್ಗು ಕೊಡದ ಮೌಶಿ

ನನ್ನ ಮೌಶಿಗೆ ಯಾವ ಪಾತ್ರೆಯನ್ನೂ ಎರವಲು ಕೊಡಬೇಡಿ. ವಾಪಸ್ಸು ಬರುವುದಿಲ್ಲವೆಂದಲ್ಲ! ಬರುತ್ತದೆ, ಬೇಗ ಬರುತ್ತದೆ, ಫಳಫಳ ಹೊಳೆಯುತ್ತ ಬರುತ್ತದೆ. ಆದರೆ ತುಂಬಿಕೊಂಡು ಬರುತ್ತದೆ. ಒಳಗಿದ್ದದ್ದನ್ನು ತಿಂದು, ಚೆನ್ನಾಗಿತ್ತು ಎಂದು ಹೇಳಲು ನೀವು ಫೋನು ಮಾಡುವಷ್ಟರಲ್ಲಿ ಇನ್ನೊಂದು ಡಬ್ಬಿ ಬಂದಿರುತ್ತದೆ. ಅದು ಅವಳ ಡಬ್ಬಿ. ಅದನ್ನು ನೀವು ಖಾಲಿ ಕೊಡುವಂತಿಲ್ಲ. ಹೀಗೆ ಒಮ್ಮೆ ಸಿಕ್ಕಿಬಿದ್ದವರು ಬಿಡಿಸಿಕೊಂಡ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಇಡೀ ಬೇ ಏರಿಯಾದಲ್ಲಿ ಇಲ್ಲ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದ ಕಡೆಯವರಾದ್ದರಿಂದ ನಮಗೆ ಚಿಕ್ಕಮ್ಮನಲ್ಲ, ಮೌಶಿ. ಮನೆ ಲಿವರ್‌ಮೋರಿನಲ್ಲಿ, ಅಲ್ಲಿಯ ಹಿಂದೂ ಗುಡಿಗೆ ಹತ್ತಿರ. ಈ ದೇಶದಲ್ಲಿ ಇದ್ದೂ ಇದ್ದೂ ಕೂದಲು ನರೆತರೂ ಮಾತು ಮಾತ್ರ ಧಾರವಾಡದ ಓಣಿ ದಾಟಿಲ್ಲ. ಖಾಲಿ ಪಾತ್ರೆ ತಿರುಗಿ ಕೊಡಬಾರದೆಂಬುದು ನಮ್ಮವರೆಲ್ಲರ ರೂಢಿಯೇ. ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರೆ ಮುಗಿಯಿತು. ಆದರೆ ಪಾತ್ರೆ ಎಂದರೆ ಯಾವುದು? ಈ ಒಂದು ವಿಷಯದಲ್ಲಿ ಮೌಶಿಗೂ ಉಳಿದ ಮನುಷ್ಯಕುಲಕ್ಕೂ ಭಿನ್ನಾಭಿಪ್ರಾಯವಿದೆ. ಒಳಗೆ ಏನನ್ನಾದರೂ ಇಡಲು ಬರುವಂಥದ್ದೆಲ್ಲ ಅವಳ ಪ್ರಕಾರ ಪಾತ್ರೆಯೇ.

ಹಿತ್ತಲ ಕೆಲಸಕ್ಕೆಂದು ಪಕ್ಕದ ಮನೆಯ ಅಮೆರಿಕನ್ ಮುದುಕನಿಂದ ಒಮ್ಮೆ ಒಂಟಿ ಚಕ್ರದ ತಳ್ಳುಗಾಡಿಯನ್ನು ತಂದಿದ್ದಳು. ಅದು ಹಿಂದಿರುಗಿದ್ದು ಹೊಟ್ಟೆಯಲ್ಲೊಂದು ಕುಂಬಳಕಾಯಿ ಹೊತ್ತುಕೊಂಡು. ಆತ ಮರುದಿನ ಬಂದು, ನಿಮ್ಮ ಕುಂಬಳಕಾಯಿ ನಮ್ಮಲ್ಲಿ ಉಳಿದಿದೆ ಎಂದು ತಂದುಕೊಟ್ಟ. ಮೌಶಿಗೆ ಅವನ ಬಗ್ಗೆ ಮರುಕ ಹುಟ್ಟಿತು. ತಾಯಿಯಿಲ್ಲದೆ ಬೆಳೆದಿರಬೇಕು ಅಂದಳು. ಅಮೆರಿಕದಲ್ಲಿ ಸಂಸ್ಕಾರವಂತರು ಯಾರಾದರೂ ಇದ್ದರೆ ಅದು ಬಾಡಿಗೆ ಕಾರಿನ ಕಂಪನಿಯವರು ಎಂಬುದು ಅವಳ ದೃಢ ನಂಬಿಕೆ. ಯಾಕೆ ಗೊತ್ತೇ? ಕಾರು ತಿರುಗಿ ಕೊಡುವಾಗ ಟ್ಯಾಂಕು ತುಂಬಿಸಿ ಕೊಡಬೇಕೆಂದು ಅವರೊಬ್ಬರೇ ಕೇಳುತ್ತಾರಲ್ಲ!

ಇಂಥ ಮೌಶಿಯ ಒಬ್ಬನೇ ಮಗ ಸುಹಾಸ ಮದುವೆಯಾದದ್ದು ಲೇನಾಳನ್ನು. ಲೇನಾ ಆಸ್ಟ್ರಿಯಾದ ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಸಣ್ಣ ಊರಿನವಳು. ಓದಲು ಬಂದಳು, ಕೆಲಸಕ್ಕೆ ನಿಂತಳು, ಸುಹಾಸನ ಕಣ್ಣಿಗೆ ಬಿದ್ದಳು. ಮದುವೆಯಾಗಿ ಲಿವರ್‌ಮೋರಿನಲ್ಲಿ, ಮೌಶಿಯ ಮನೆಯ ಮಹಡಿಯಲ್ಲೇ ಇದ್ದಾರೆ. ಕೌಂಟಿ ಆಫೀಸಿನಲ್ಲಿ ರಿಜಿಸ್ಟರು, ಆಮೇಲೆ ಗುಡಿಯಲ್ಲಿ ಅಕ್ಷತೆ. ಎರಡಕ್ಕೂ ಲೇನಾಳ ತಾಯಿ ಬರಲಿಲ್ಲ. ಮಂಡಿನೋವು ಎಂದು ಹೇಳಿಕಳಿಸಿದ್ದರಂತೆ. ಆದರೆ ಅದೇ ಚಳಿಗಾಲದಲ್ಲಿ ಆಕೆ ಜಾರುವ ಹಲಗೆ ಕಟ್ಟಿಕೊಂಡು ಹಿಮದ ಗುಡ್ಡ ಇಳಿಯುತ್ತಿದ್ದ ಫೋಟೋ ಲೇನಾಳ ಫೋನಿನಲ್ಲಿ ಮೌಶಿಯ ಕಣ್ಣಿಗೆ ಬಿತ್ತು. ಬೀಗಿತ್ತಿಗೆ ಈ ಮದುವೆ ಮನಸ್ಸಿಗೆ ಬಂದಿಲ್ಲ ಎಂಬುದು ತಿಳಿಯಲು ಅಷ್ಟು ಸಾಕಾಯಿತು.

ಅಂದಿನಿಂದ ಮೌಶಿಗೆ ಒಂದೇ ಚಿಂತೆ. ಬೀಗಿತ್ತಿ ಒಮ್ಮೆ ಮುಖ ಕೊಟ್ಟು ಮಾತಾಡಬೇಕು, ತನ್ನ ಮಗನನ್ನು ತಮ್ಮವನೆಂದು ಒಪ್ಪಬೇಕು. ಹೀಗಾಗಿ ಡಿಸೆಂಬರಿನಲ್ಲಿ ಮಗ ಸೊಸೆ ಅಲ್ಲಿಗೆ ಹೊರಟಾಗ ತಾನೂ ಹೊರಟಳು. ಹುಡುಗಿಯ ಮನೆಗೆ ನಮ್ಮ ಕಡೆಯವರು ಇನ್ನೊಬ್ಬರಾದರೂ ಬೇಕೆಂದು ಕ್ಯುಪರ್ಟಿನೋದಲ್ಲಿ ನನ್ನ ಪಾಡಿಗೆ ನಾನಿದ್ದವಳನ್ನು ಎಳೆದುಕೊಂಡಳು. ಅವಳ ಯಜಮಾನರು ಚಳಿಗೆ ಹೆದರಿ ಮನೆಯಲ್ಲೇ ಉಳಿದರು. ನಾನು ಯಾಕೆ ಒಪ್ಪಿದೆ? ಬರೀ ಕುತೂಹಲದಿಂದ! ಇಷ್ಟು ದೊಡ್ಡ ಯುರೋಪಿನಲ್ಲಿ ಈ ಹೆಂಗಸು ಯಾವುದರೊಳಗೆ ಏನು ಹಾಕುತ್ತಾಳೋ ನೋಡಬೇಕೆನಿಸಿತು.

ಹೆಚ್ಚು ಕಾಯಬೇಕಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ಚಪ್ಪಲಿ, ಬ್ಯಾಗು, ಕೋಟು ಎಲ್ಲ ಇಡಲು ಪ್ಲಾಸ್ಟಿಕ್ ತಟ್ಟೆ ಕೊಡುತ್ತಾರಲ್ಲ, ಮೌಶಿ ತನ್ನ ಸಾಮಾನು ತೆಗೆದುಕೊಂಡು ತಟ್ಟೆಯಲ್ಲಿ ಒಂದು ಪೇಡೆ ಇಟ್ಟು ಮುಂದೆ ನಡೆದಳು. ಅಧಿಕಾರಿ ಕೂಗಿ ಕರೆದ. ಪೇಡೆಯನ್ನು ಮತ್ತೊಮ್ಮೆ ಯಂತ್ರದೊಳಗೆ ಕಳಿಸಿದರು. ಪಾಪ, ಒಂಟಿಯಾಗಿ ಹೋಗಿ ಒಂಟಿಯಾಗಿ ಬಂತು. ಇದು ಯಾರದು, ಯಾಕಿಟ್ಟಿರಿ ಎಂದು ವಿಚಾರಣೆಯಾಯಿತು. ಇದು ನಿಮಗೇ ಎಂದು ಮೌಶಿ ನಿಜ ನುಡಿದದ್ದರಿಂದ ವಿಚಾರಣೆ ಇನ್ನಷ್ಟು ಉದ್ದವಾಯಿತು. ವಿಮಾನ ಹೇಗೋ ಸಿಕ್ಕಿತು.

ಲೇನಾಳ ಆ ಊರನ್ನು ಹೇಗೆ ಹೇಳಲಿ? ಯಾವ ಓಣಿಗೆ ಹೊಕ್ಕರೂ ಕೊನೆಯಲ್ಲೊಂದು ಬೆಟ್ಟ ಅಡ್ಡ ನಿಂತಿರುತ್ತಿತ್ತು. ಚರ್ಚಿನ ಮುಂದಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆ. ಸಾಲಾಗಿ ಮರದ ಗೂಡಂಗಡಿಗಳು, ಸೂರಿನ ಮೇಲೆ ಹಿಮ, ಹುಲ್ಲಿನಿಂದ ಹೆಣೆದ ನಕ್ಷತ್ರಗಳು, ಕೆಂಡದ ಮೇಲೆ ಸಿಡಿಯುವ ಚೆಸ್ಟ್‌ನಟ್ ಕಾಯಿಗಳು, ದಾರ ಕಟ್ಟಿ ತೂಗುಬಿಟ್ಟ ಜೇನಿನ ರೊಟ್ಟಿಗಳು. ಮೌಶಿ ಇಲಕಲ್ ಸೀರೆಯ ಮೇಲೆ ಸುಹಾಸನ ಸ್ಕೀ ಜಾಕೀಟು ಏರಿಸಿ ಪ್ರತಿ ಅಂಗಡಿಯ ಮುಂದೂ ನಿಂತಳು. ಈ ಹುಲ್ಲು ಯಾವ ಬೆಳೆಯದು? ಈ ರೊಟ್ಟಿ ಎಷ್ಟು ದಿನ ತಡೆಯುತ್ತದೆ? ಹಿಮ ಬಿದ್ದಾಗ ಇಲ್ಲಿಯ ದನಗಳು ಏನು ತಿನ್ನುತ್ತವೆ? ಅಷ್ಟಿಷ್ಟು ಕನ್ನಡ ಕಲಿತಿದ್ದ ಲೇನಾ ಒಂದೊಂದನ್ನೂ ಅಂಗಡಿಯವರಿಗೆ ಕೇಳಿ ಹೇಳಿದಳು. ಸಂತೆಯ ಜನ ಇವಳನ್ನೂ ಸಂತೆಯ ಒಂದು ಅಂಗವೆಂದುಕೊಂಡು ಫೋಟೋ ತೆಗೆದರು.

ಸಂತೆಯ ಕೊನೆಯ ಗೂಡಂಗಡಿಯೇ ಬೀಗಿತ್ತಿಯದು. ಎತ್ತರದ ಆಳು, ಕೆಂಪು ಕೆನ್ನೆ, ನಕ್ಕರೆ ತೆರಿಗೆ ಬೀಳುತ್ತದೇನೋ ಎಂಬಂಥ ಮುಖ. ದಾಲ್ಚಿನ್ನಿ, ಲವಂಗ ಹಾಕಿ ಕುದಿಸಿದ ಸೇಬಿನ ರಸವನ್ನು ಪಿಂಗಾಣಿ ಮಗ್ಗುಗಳಲ್ಲಿ ಕೊಡುತ್ತಾರೆ. ಮೌಶಿಯ ಕೈ ಕುಲುಕಿದರು, ಲೇನಾಳನ್ನು ತಬ್ಬಿಕೊಂಡರು, ಸುಹಾಸನಿಗೆ ದೂರದಿಂದಲೇ ತಲೆಯಾಡಿಸಿದರು. ಅಲ್ಲಿ ಕುಡಿಯುವವರು ಮಗ್ಗಿಗೂ ಸೇರಿಸಿ ದುಡ್ಡು ಕಟ್ಟಬೇಕು. ಮಗ್ಗು ತಿರುಗಿ ಕೊಟ್ಟಾಗ ಆ ದುಡ್ಡು ವಾಪಸ್ಸು. ಲೇನಾ ಇದನ್ನು ವಿವರಿಸಿದಾಗ ಮೌಶಿ ಬಹಳ ಹೊತ್ತು ಯೋಚಿಸಿ ನನ್ನನ್ನು ಕೇಳಿದಳು. “ಅಂದ್ರ ಖಾಲಿ ಮಗ್ಗು ಕೊಟ್ಟವರಿಗೆ ಇವರೇ ಮ್ಯಾಲೆ ರೊಕ್ಕಾ ಕೊಡ್ತಾರ?”

ಹೌದು ಅಂದೆ. ಇಂಥ ಕೆಟ್ಟ ಅಭ್ಯಾಸಕ್ಕೆ ಬಹುಮಾನ ಕೊಡುವ ಊರಿನಲ್ಲಿ ತನ್ನ ಕರ್ತವ್ಯವೇನೆಂದು ಮೌಶಿಗೆ ಹೊಳೆದುಬಿಟ್ಟಿತು. ಕುಡಿದ ಮಗ್ಗಿನಲ್ಲಿ ಒಂದು ಶೇಂಗಾ ಉಂಡಿ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಬೀಗಿತ್ತಿಗೆ ಕೊಟ್ಟಳು. ಅವರು ಒಳಗೆ ಇಣುಕಿದರು, ಹುಬ್ಬು ಗಂಟಿಕ್ಕಿದರು, ಮಗ್ಗನ್ನು ಕಸದ ಬುಟ್ಟಿಯ ಮೇಲೆ ಕೊಡವಿ ತೊಳೆಯಲು ಹಾಕಿದರು. ಯಾರೋ ತಿಂದು ಬಿಟ್ಟ ಚೂರೆಂದುಕೊಂಡಿರಬೇಕು. ಮೌಶಿ ನಿಂತೇ ಇದ್ದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಆದರೆ ಸೋತು ಕೂರುವ ಪೈಕಿಯೇ ಅವಳು? ಮರುದಿನ ಮಗ್ಗಿನಲ್ಲಿ ಪೇಡೆ, ಅದರ ಮರುದಿನ ಕೊಬ್ಬರಿ ಸಕ್ಕರೆ. ಕೊನೆಗೆ ಬೀಗಿತ್ತಿ ಲೇನಾಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ನಮ್ಮ ರಸ ರುಚಿಯಾಗಿಲ್ಲವೇ, ಯಾಕೆ ಅದರಲ್ಲಿ ಏನೇನೋ ಎಸೆಯುತ್ತಾರೆ ಎಂದು ಕೇಳಿದರಂತೆ. ಲೇನಾ ನಮ್ಮ ಪದ್ಧತಿಯನ್ನು ವಿವರಿಸಿದಳು. ಬೀಗಿತ್ತಿ ಗಮನವಿಟ್ಟು ಕೇಳಿ, ಹಾಗೆ ಮಾಡಿದರೆ ಆರೋಗ್ಯ ಇಲಾಖೆಯವರು ಅಂಗಡಿ ಮುಚ್ಚಿಸುತ್ತಾರೆ ಅಂದರು.

ಸರಿ, ಮಗ್ಗು ಬೇಡ, ನಾವು ಇಳಿದುಕೊಂಡಿರುವ ಅವರ ಮನೆಯಲ್ಲೇ ಉಡಿ ತುಂಬೋಣ ಎಂದು ಮೌಶಿ ಸೂಟ್‌ಕೇಸು ತೆರೆದಳು. ಅಕ್ಕಿ, ಒಣಕೊಬ್ಬರಿ, ಖಣ, ಬಳೆ. ಬೀಗಿತ್ತಿಗೆ ಸೀರೆಯ ಸೆರಗೆಲ್ಲಿಂದ ಬರಬೇಕು? ಅಡಿಗೆಯ ಏಪ್ರನ್ನೇ ಒಡ್ಡಿ ಹಿಡಿದು ನಿಂತರು. ಶಿಸ್ತಾಗಿ ಥ್ಯಾಂಕ್ಸ್ ಹೇಳಿದರು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಹಕ್ಕಿಗಳಿಗೆಂದು ಇಟ್ಟ ಮರದ ಗೂಡಿನಲ್ಲಿ ನಮ್ಮ ಸೋನಾಮಸೂರಿ! ನಾನು ಹೆದರಿ ಮೌಶಿಯತ್ತ ನೋಡಿದೆ. “ಹಕ್ಕಿಗೆ ಹಾಕ್ಯಾಳ, ಕಸಕ್ಕಲ್ಲ. ಸುಧಾರಸ್ಯಾಳ,” ಅಂದಳು.

ಹಾಗಂದರೂ ಒಳಗೊಳಗೇ ಕುಗ್ಗಿದ್ದಳು. ಬಂದ ಕೆಲಸ ಆಗುತ್ತಿರಲಿಲ್ಲ. ಬೀಗಿತ್ತಿ ಊಟಕ್ಕೆ ಬಡಿಸುತ್ತಿದ್ದರು, ಹಾಸಿಗೆ ಹಾಸುತ್ತಿದ್ದರು, ಸುಹಾಸ ಎದುರು ಬಂದರೆ ಮಾತ್ರ ಯಾವುದೋ ಕೆಲಸ ನೆನಪಾಗಿ ಎದ್ದುಹೋಗುತ್ತಿದ್ದರು. ಅವನು ಕಷ್ಟಪಟ್ಟು ಕಲಿತ ನಾಲ್ಕು ಜರ್ಮನ್ ಮಾತುಗಳು ಬಾಯಲ್ಲೇ ಉಳಿದವು.

ಹೊರಡುವ ಹಿಂದಿನ ದಿನ ಮೌಶಿಗೆ ಮನೆ ನೋಡುವ ಕುತೂಹಲ. ಅಟ್ಟ, ಉಗ್ರಾಣ, ಸೌದೆ ಪೇರಿಸುವ ರೀತಿ ಎಲ್ಲ ಕೇಳಿ ಕೇಳಿ ನೋಡಿದಳು. ಮಾಳಿಗೆಯ ಮೇಲೊಂದು ಬಾಗಿಲು ಮುಚ್ಚಿತ್ತು. ಬೀಗಿತ್ತಿ ಒಂದು ಗಳಿಗೆ ಹಿಂಜರಿದು ತೆರೆದರು. ಲೇನಾಳ ಕೋಣೆ. ಮಡಚಿಟ್ಟ ಹೊದಿಕೆ, ಗೋಡೆಗೆ ಒರಗಿಸಿದ ಸ್ಕೀ ಹಲಗೆಗಳು, ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದ ಬೂಟುಗಳು. ಸಾಮಾನಿನಿಂದ ಗಿಜಿಗುಡುವ ಆ ಮನೆಯಲ್ಲಿ ಅದೊಂದೇ ಕೋಣೆ ಯಾರೂ ಬಳಸದೆ ಇತ್ತು. ಲೇನಾ, ಸುಹಾಸ ಕೂಡ ಕೆಳಗಿನ ಸೋಫಾದ ಮೇಲೆ ಮಲಗುತ್ತಿದ್ದರು. ಇಲ್ಲಿ ಮಲಗಿ ಎಂದು ಬೀಗಿತ್ತಿ ಹೇಳಿರಲಿಲ್ಲ. ಮೌಶಿ ಅಲ್ಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಮೌಶಿ ಪ್ರಶ್ನೆ ಕೇಳದ್ದನ್ನು ನಾನು ಕಂಡದ್ದು ಅದೇ ಮೊದಲು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು. “ಬರೇ ಮಗ್ಗಿಂದೇ ಚಿಂತೀ ಮಾಡಿದೆ ನೋಡು ನಾ. ಇವರ ಮನ್ಯಾಗಿಂದ ಎಷ್ಟು ದೊಡ್ಡದು ಒಯ್ದೀವಿ ನಾವು.”

ಆ ದಿನವೆಲ್ಲ ಅವಳು ಮಂಕಾಗಿದ್ದಳು. ನಾನೂ ಯೋಚಿಸಿದೆ. ಸಕ್ಕರೆ, ಪೇಡೆ, ಕುಂಬಳಕಾಯಿ ಎಲ್ಲ ಸರಿ. ಮಗಳನ್ನು ಕೊಟ್ಟವರಿಗೆ ಏನು ಹಾಕಿ ಕೊಡುತ್ತಾರೆ?

ಮರುದಿನ ಸ್ಟೇಷನ್ನಿಗೆ ಬೀಗಿತ್ತಿಯೂ ಬಂದಿದ್ದರು. ಹಿಮ ಸಣ್ಣಗೆ ಉದುರುತ್ತಿತ್ತು. ರೈಲು ಬಂದು ನಿಂತಿತು, ಸುಹಾಸ ಸೂಟ್‌ಕೇಸುಗಳನ್ನು ಒಳಗಿಟ್ಟ. ಲೇನಾ ತಾಯಿಯ ಕೈ ಬಿಡಲಾರದೆ ನಿಂತಿದ್ದಳು. ಮೌಶಿ ಬಾಗಿಲಲ್ಲಿ ನಿಂತು ಮಗನಿಗೆ, ನಿಮ್ಮಿಬ್ಬರ ಸೂಟ್‌ಕೇಸು ಕೆಳಗಿಳಿಸು ಅಂದಳು. ಅವನಿಗೆ ಅರ್ಥವಾಗಲಿಲ್ಲ.

“ಅಮ್ಮ, ವಾಟ್ ಆರ್ ಯು ಸೇಯಿಂಗ್? ನಮ್ಮ ಫ್ಲೈಟು ಅದ.”

“ನಿಮ್ಮಿಬ್ಬರದೂ ಲ್ಯಾಪ್‌ಟಾಪಿನ ಕೆಲಸ. ಇಲ್ಲೇ ಕೂತು ಮಾಡ್ರಿ. ಯುಗಾದಿಗೆ ಬರ್ರಿ.”

ಹಬ್ಬ, ಹುಟ್ಟಿದಹಬ್ಬ ಬಿಡಿ, ಮಗ ಆಫೀಸಿನ ಕೆಲಸಕ್ಕೆ ಒಂದು ವಾರ ಬೇರೆ ಊರಿಗೆ ಹೋದರೆ ಅನ್ನ ಸೇರದ ಹೆಂಗಸು ಅವಳು. ಆಮೇಲೆ ಲೇನಾಳ ಕಡೆ ತಿರುಗಿ, ನಿಧಾನವಾಗಿ, ಅವಳಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದಳು. “ನಿಮ್ಮಮ್ಮಗ ಹೇಳವಾ. ಆಕಿ ನಿನ್ನ ಕೊಟ್ಟಳು ನನಗ. ನಾ ಇವನ್ನ ಇಟ್ಟು ಹೊಂಟೀನಿ. ಸಾಲೋದಿಲ್ಲ, ಗೊತ್ತದ. ಆದ್ರ ಖಾಲಿ ಕೈಲೆ ಹ್ಯಾಂಗ ಹೋಗ್ಲಿ?”

ಲೇನಾ ಅದನ್ನು ಜರ್ಮನ್‌ನಲ್ಲಿ ಹೇಳಲು ಹೊರಟು ನಡುವೆ ನಿಂತಳು, ಮತ್ತೆ ಹೇಳಿದಳು. ಗಾರ್ಡು ಸೀಟಿ ಊದಿದ, ಸುಹಾಸ ಅವಸರದಲ್ಲಿ ತಮ್ಮಿಬ್ಬರ ಸೂಟ್‌ಕೇಸು ಎಳೆದುಕೊಂಡು ಕೆಳಗಿಳಿದ. ಬಾಗಿಲು ಮುಚ್ಚಿತು, ನಾನೂ ಮೌಶಿಯೂ ಒಳಗೆ. ಸುಹಾಸ ಪ್ಲಾಟ್‌ಫಾರ್ಮಿನ ಮೇಲೆ ದಿಕ್ಕುತೋಚದೆ ನಿಂತಿದ್ದ, ಗಡಿಬಿಡಿಯಲ್ಲಿ ಕೋಟಿನ ಗುಂಡಿಯನ್ನೂ ಹಾಕಿರಲಿಲ್ಲ. ರೈಲು ಕದಲುವಾಗ ಬೀಗಿತ್ತಿ ಅವನ ಹತ್ತಿರ ಬಂದರು. ಬೈಯುವಂತೆ ಏನೋ ಗೊಣಗುತ್ತ, ಕೆಳಗಿನಿಂದ ಕತ್ತಿನವರೆಗೆ ಒಂದೊಂದೇ ಗುಂಡಿ ಹಾಕಿ, ಕಾಲರು ಮೇಲೆತ್ತಿ, ಭುಜದ ಮೇಲಿನ ಹಿಮ ಒರೆಸಿದರು.

ಮೌಶಿ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಅವರು ಕಾಣುವವರೆಗೂ ನೋಡಿದಳು.

“ತೊಗೊಂಡ್ಳು ನೋಡು,” ಅಂದಳು. ಅಷ್ಟು ಹೇಳಿ, ನನ್ನ ಹೆಗಲ ಮೇಲೆ ತಲೆಯಿಟ್ಟು ಅಳತೊಡಗಿದಳು.