ಮೂರು ತೂತಿನ ಕಾಯಿದೆ

೧೯೩೮ನೆಯ ಇಸವಿ ಜೂನ್ ಒಂದನೆಯ ತಾರೀಖು ಬುಧವಾರ ಬೆಳಗಿನ ಹತ್ತು ಗಂಟೆಗೆ, ಹೊಸಪೇಟೆಯ ಗೋಡೆಗಳಲ್ಲಿದ್ದ ಎರಡು ರಂಧ್ರದ ವಿದ್ಯುತ್ ಸಾಕೆಟ್ಟುಗಳೆಲ್ಲ ಕಾನೂನಿನ ಕಣ್ಣಿನಲ್ಲಿ ಇಲ್ಲವಾದವು. ಅವುಗಳ ಜಾಗಕ್ಕೆ ಮೂರು ರಂಧ್ರದವು ಬಂದವು. ಎರಡು ರಂಧ್ರದಿಂದ ಪ್ರಜೆಗಳ ಜೀವಕ್ಕೆ ಅಪಾಯವಿದೆಯೆಂದೂ, ಮೂರನೆಯ ರಂಧ್ರವು ಆ ಅಪಾಯವನ್ನು ಸುರಕ್ಷಿತವಾಗಿ ಭೂಮಿಗೆ ತಲುಪಿಸುತ್ತದೆಂದೂ ಮದ್ರಾಸಿನಿಂದ ಬಂದ ಆಜ್ಞೆ ಹೇಳಿತ್ತು. ಈ ಕೆಲಸಕ್ಕೆಂದೇ ಸ್ಟೇಷನ್ ರಸ್ತೆಯಲ್ಲಿ ‘ರಂಧ್ರ ಏಕರೂಪತಾ ಕಚೇರಿ’ ತೆರೆದಿತ್ತು. ಪ್ರಭಂಜನರಾಯರು ಅದರ ಅಧಿಕಾರಿ, ಗೋಪೀನಾಥನೆಂಬ ನಾನು ಗುಮಾಸ್ತ, ದೊಡ್ಡಬಸಪ್ಪ ಜವಾನ. ಒಂಬತ್ತೇ ದಿನದಲ್ಲಿ ಊರಿನ ನೂರಾ ಹನ್ನೆರಡು ಸಾಕೆಟ್ಟುಗಳೂ ಬದಲಾದವು. ಸರ್ಕಾರಿ ಕೆಲಸ ಅಷ್ಟು ಚುರುಕಾಗಿ ನಡೆದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ಮತ್ತೆ ಕಾಣಲಿಲ್ಲ.

ಪ್ಲಗ್ಗಿನ ವಿಷಯ ನಮಗೆ ಸೇರಿದ್ದಲ್ಲ. ಇದನ್ನು ಜನ ಕೊನೆಯವರೆಗೂ ಅರ್ಥ ಮಾಡಿಕೊಳ್ಳಲಿಲ್ಲ, ಆದ್ದರಿಂದ ಇಲ್ಲಿ ಬಿಡಿಸಿ ಹೇಳುತ್ತೇನೆ. ಸಾಕೆಟ್ಟು ಗೋಡೆಗೆ ಸೇರಿದ್ದು, ಗೋಡೆ ಸ್ಥಿರಾಸ್ತಿ. ಪ್ಲಗ್ಗು ಫ್ಯಾನಿಗೋ ಇಸ್ತ್ರಿ ಪೆಟ್ಟಿಗೆಗೋ ಸೇರಿದ್ದು, ಅದು ಚರಾಸ್ತಿ. ಚರಾಸ್ತಿಯ ಪ್ಲಗ್ಗುಗಳಿಗೆ ಬಳ್ಳಾರಿಯಲ್ಲಿ ಪ್ರತ್ಯೇಕ ಕಚೇರಿಯಾಗಬೇಕಿತ್ತು. ಆ ಕಚೇರಿಗೆ ಕುರ್ಚಿಗಳು ಮಂಜೂರಾಗಿದ್ದವು, ಕೂರುವವರು ಮಂಜೂರಾಗಿರಲಿಲ್ಲ. ಅವರು ಬಂದು ಒಪ್ಪಿಗೆ ಕೊಡುವವರೆಗೆ ಅಂಗಡಿಯವರು ಮೂರು ಕಡ್ಡಿಯ ಪ್ಲಗ್ಗು ಮಾರಿದರೆ ದಂಡ. ಹೊಸ ರಂಧ್ರಗಳ ಗಾತ್ರ ಬೇರೆ, ಅಂತರ ಬೇರೆ. ಹಳೆಯ ಎರಡು ಕಡ್ಡಿಯ ಪ್ಲಗ್ಗು ಅವುಗಳಲ್ಲಿ ಕೂರುತ್ತಿರಲಿಲ್ಲ. ಸೂರಿನ ದೀಪಗಳು ಎಂದಿನಂತೆ ಉರಿದವು. ಫ್ಯಾನಿದ್ದ ಆರು ಮನೆಯವರು ಅಟ್ಟದಿಂದ ಬೀಸಣಿಗೆ ಇಳಿಸಿಕೊಂಡರು. ಯಾರೂ ಗಲಾಟೆ ಮಾಡಲಿಲ್ಲ.

ಮಾಡಿದವಳು ಹಂಪಮ್ಮ ಒಬ್ಬಳೇ. ಅವಳು ವಿಧವೆ, ನಮ್ಮ ಕಚೇರಿಯ ಎದುರಿಗೇ ಇಸ್ತ್ರಿ ಅಂಗಡಿ ಇಟ್ಟಿದ್ದಳು. ಮನೆಯಲ್ಲಿ ಮುದಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಹಿಂದಿನ ವರ್ಷ ಕರೆಂಟು ಬಂದಾಗ, ಕೆಂಡದ ಪೆಟ್ಟಿಗೆಯನ್ನು ಒಪ್ಪಿಸಿದರೆ ಮಾತ್ರ ‘ವಿದ್ಯುತ್ ಇಸ್ತ್ರಿ ಅಂಗಡಿ’ಯ ಲೈಸೆನ್ಸು ಕೊಡುತ್ತೇವೆಂದು ಪುರಸಭೆಯಲ್ಲಿ ಹೇಳಿದ್ದರು. ಅವಳು ಕೆಂಡದ ಪೆಟ್ಟಿಗೆ ಒಪ್ಪಿಸಿ, ಕಿವಿಯ ಬೆಂಡೋಲೆ ಮಾರಿ, ಕರೆಂಟಿನ ಪೆಟ್ಟಿಗೆ ತಂದಿದ್ದಳು. ಲೈಸೆನ್ಸಿನ ಎಂಟನೆಯ ಷರತ್ತಿನ ಪ್ರಕಾರ ಅರವತ್ತು ದಿನ ಸತತವಾಗಿ ಇಸ್ತ್ರಿ ನಡೆಯದಿದ್ದರೆ ಅಂಗಡಿ ರದ್ದು. ರದ್ದಾದರೆ ಅವಳಿಗೆ ಉಳಿಯುವುದು ಕಮಲಾಪುರದ ಕಬ್ಬಿನ ಗದ್ದೆಯ ಕೂಲಿ.

“ರಾಯ್ರ, ಗ್ವಾಡ್ಯಾಗ ಮೂರು ತೂತು ಮಾಡೀರಿ,” ಎಂದಳು ಹಂಪಮ್ಮ ಕಚೇರಿಗೆ ಬಂದು. “ನನ್ನ ಪೆಟ್ಟಿಗಿಗೆ ಎರಡ ಕಡ್ಡಿ ಅದಾವು. ಹ್ಯಾಂಗ ಮಾಡ್ಲಿ ಹೇಳ್ರಿ.”

“ತೂತು ಸರಿಯಾಗಿ ಕೂತಾವಿಲ್ಲೋ?” ಎಂದು ರಾಯರು ಕೇಳಿದರು.

“ತೂತು ಭಾಳ ಚಂದ ಕುಂತಾವ್ರಿ.”

“ಅಲುಗಾಡ್ತಾವೇನು?”

“ಇಲ್ರಿ.”

ರಾಯರು ನನ್ನ ಕಡೆ ತಿರುಗಿದರು. “ಗೋಪೀನಾಥ, ಬರ್ಕೋ. ಬಳಕೆದಾರಳು ತೃಪ್ತಳಾಗಿದ್ದಾಳೆ.”

ನಾನು ಬರೆದುಕೊಂಡೆ. ಅಷ್ಟರಲ್ಲಿ ಹಂಪಮ್ಮನ ಕಣ್ಣು ರಾಯರ ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆಯ ಮೇಲೆ ಬಿತ್ತು. ಅದರೊಳಗೆ ಮಖಮಲ್ಲಿನ ಮೇಲೆ ಮೂರು ಕಡ್ಡಿಯ ಪ್ಲಗ್ಗೊಂದು ಮಲಗಿತ್ತು. ಮದ್ರಾಸಿನಿಂದ ಮೊಹರು ಹಾಕಿ ಕಳಿಸಿದ್ದು.

“ಅದನ್ನ ಕೊಡ್ರಿ ಮತ್ತ. ಸಂಜಿಗೆ ತಂದು ಇಟ್ಟು ಹೋಗ್ತೀನಿ.”

“ಅದು ಮಾದರಿ, ಹಂಪಮ್ಮ. ಮಾದರಿ ಸವೆದ್ರ ದೇಶದಾಗಿನ ಪ್ಲಗ್ಗೆಲ್ಲಾ ತಪ್ಪಾಗ್ತಾವ.”

“ದೇಶದಾಗ ಪ್ಲಗ್ಗ ಇಲ್ಲಲ್ರಿ?”

“ಅದಕ್ಕ ಇನ್ನೂ ಒಂದೂ ತಪ್ಪಾಗಿಲ್ಲ.”

“ಅರವತ್ತು ದಿನ ಆಗಿ ಅಂಗಡಿ ಹೋದ್ರ ಹುಡುಗ್ಯಾರಿಗೆ ಏನು ಉಣ್ಣಾಕ ಹಾಕ್ಲಿ?”

“ಅರವತ್ತು ಎಲ್ಲಿ ಆಗ್ಯಾವ? ಇನ್ನೂ ಹನ್ನೊಂದು,” ಎಂದರು ರಾಯರು ಸಮಾಧಾನವಾಗಿ.

ನನಗೆ ನಿಜವಾಗಿ ಕನಿಕರ ಬಂತು. ಆದರೆ ಕನಿಕರಕ್ಕೆ ನಮ್ಮಲ್ಲಿ ಅಚ್ಚಾದ ನಮೂನೆ ಇರಲಿಲ್ಲ.

ಹಂಪಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಅವಳ ತಂಗಿ ಕೊಟ್ರಮ್ಮ ಸಂಡೂರಿನಲ್ಲಿ ಮ್ಯಾಂಗನೀಸು ವ್ಯಾಪಾರಿಯೊಬ್ಬರ ಮನೆಗೆಲಸಕ್ಕಿದ್ದಳು. ಸಂಡೂರು ಬೇರೆ ಸಂಸ್ಥಾನ. ಮದ್ರಾಸಿನ ಕಾಯಿದೆ ಬೆಟ್ಟದ ಬುಡದವರೆಗೆ ಬಂದು ನಿಲ್ಲುತ್ತದೆ, ಘಟ್ಟ ಹತ್ತುವುದಿಲ್ಲ. ವ್ಯಾಪಾರಿಯ ಪಡಸಾಲೆಯಲ್ಲಿ ಎರಡು ರಂಧ್ರಗಳು ಯಾವ ಭಯವೂ ಇಲ್ಲದೆ ಬದುಕಿದ್ದವು. ಅವರ ಅಂಗಿಗಳನ್ನು ಪುಕ್ಕಟೆ ತೀಡಿಕೊಡುವ ಕರಾರಿನ ಮೇಲೆ ಹಂಪಮ್ಮನಿಗೆ ಅಪ್ಪಣೆ ಸಿಕ್ಕಿತು. ಬೆಳಗಿನ ಮೋಟಾರಿಗೆ ಊರಿನ ಬಟ್ಟೆಗಂಟು ಮತ್ತು ಪೆಟ್ಟಿಗೆ ಹೊತ್ತು ಹೋಗುವಳು, ಸಂಜೆಯ ಮೋಟಾರಿಗೆ ಗರಿಗರಿಯಾಗಿ ತರುವಳು. ವಕೀಲರು, ಸ್ಟೇಷನ್ ಮಾಸ್ತರರು, ಅಕ್ಕಿ ಗಿರಣಿಯ ಸಾಹುಕಾರರು, ಎಲ್ಲರ ಬಟ್ಟೆಗಳೂ ಹೊರದೇಶಕ್ಕೆ ಹೋಗಿಬರತೊಡಗಿದವು. ಪ್ರಭಂಜನರಾಯರ ಕರಿಯ ಕೋಟೂ ಹೋಗುತ್ತಿತ್ತು, ಅದನ್ನು ಕೊಡುತ್ತಿದ್ದುದು ಅವರ ಮನೆಯವರಾದ್ದರಿಂದ ಅದು ಕಚೇರಿಯ ಗಮನಕ್ಕೆ ಬಂದಿರಲಿಲ್ಲ.

ಗಮನಕ್ಕೆ ಬಂದದ್ದು ಬೇರೊಂದು ಸಂಗತಿ. ಒಂದು ಸಂಜೆ ದೊಡ್ಡಬಸಪ್ಪ ಹಂಪಮ್ಮನ ಗಂಟಿಗೆ ಕೈ ತಗುಲಿಸಿ, ಅದು ಬೆಚ್ಚಗಿದೆಯೆಂದು ರಾಯರಿಗೆ ವರದಿ ಮಾಡಿದ. ರಾಯರು ಎರಡು ದಿನ ಯೋಚಿಸಿ, ಮದ್ರಾಸಿಗೆ ತಂತಿ ಕೊಟ್ಟು, ಕೆಳಗಿನ ಪ್ರಕಟಣೆ ಹೊರಡಿಸಿದರು:

“ಅನಧಿಕೃತ ಎರಡು ರಂಧ್ರಗಳಿಂದ ಹೊರಟ ಪರಸಂಸ್ಥಾನದ ವಿದ್ಯುಚ್ಛಕ್ತಿಯು ಬಿಸಿಯ ರೂಪವನ್ನು ತಾಳಿ, ಕೋಟು, ಪಂಚೆ, ಷರಾಯಿ ಇತ್ಯಾದಿಗಳ ಮಡಿಕೆಗಳಲ್ಲಿ ಅಡಗಿ ಈ ಪ್ರಾಂತ್ಯವನ್ನು ಪ್ರವೇಶಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆ. ಇನ್ನು ಮುಂದೆ ಬೆಚ್ಚಗಿರುವ ಯಾವುದೇ ಬಟ್ಟೆಯನ್ನು ಘಟ್ಟದ ನಾಕಾದಲ್ಲಿ ಜಫ್ತಿ ಮಾಡಲಾಗುವುದು. ತಣ್ಣಗಿರುವ ಬಟ್ಟೆಯನ್ನು, ದಾರಿಯಲ್ಲಿ ಸಾಕ್ಷ್ಯ ನಾಶ ಮಾಡಲಾಗಿದೆಯೆಂದು ಭಾವಿಸಿ, ಜಫ್ತಿ ಮಾಡಲಾಗುವುದು.”

ನಾಕಾದಲ್ಲಿ ದೊಡ್ಡಬಸಪ್ಪನನ್ನೇ ನಿಲ್ಲಿಸಿದೆವು. ಉಷ್ಣಮಾಪಕ ಮಂಜೂರಾಗಿರಲಿಲ್ಲ, ಅಂಗೈ ಹಿಂಭಾಗದಿಂದ ಮುಟ್ಟಿ ನೋಡುವಂತೆ ಆದೇಶವಿತ್ತು. ಆತ ನಿಷ್ಠಾವಂತ. ಮೊದಲ ದಿನವೇ ಮೋಟಾರಿನಲ್ಲಿ ಬಂದ ಪ್ರಯಾಣಿಕನೊಬ್ಬನ ಹಣೆ ಸುಡುತ್ತಿದ್ದುದರಿಂದ ಅವನನ್ನೂ ತಡೆದು ಕೂರಿಸಿದ. ಜ್ವರ ಸಂಡೂರಿನದಲ್ಲ, ಕಂಪ್ಲಿಯಲ್ಲೇ ಹತ್ತಿದ್ದು ಎಂದು ಪ್ರಯಾಣಿಕ ಹೆಬ್ಬೆಟ್ಟು ಒತ್ತಿಕೊಟ್ಟ ಮೇಲೆ ಬಿಟ್ಟುಬಿಟ್ಟ.

ಆಮೇಲೆ ಹಂಪಮ್ಮ ಇಳಿದಳು.

“ಹಂಪಕ್ಕ, ಕೋಟು ಬೆಚ್ಚಗೈತಲ್ಲ.”

“ಇಸ್ತ್ರಿ ಮಾಡಿದ್ದು ಬೆಚ್ಚಗ ಇರದ ಇನ್ನೇನು ಇರ್ತೈತೋ ಬಸಪ್ಪ? ಬಿಡಪ್ಪ, ನಾಳಿಗೆ ವಕೀಲ್ರಿಗೆ ಕೋರ್ಟ್ ಐತಿ.”

“ಬಿಸಿ ಇಲ್ಲೇ ಬಿಟ್ಟು ಬಟ್ಟಿ ಒಯ್ಯಿ. ನಂದೇನು ತಕರಾರಿಲ್ಲ.”

“ಬಿಸೀನ ಹ್ಯಾಂಗ ಬಿಡ್ಲಿ? ಉಪ್ಪಿನ ಚೀಲ ಏನು ಇಳಿಸಾಕ?”

“ಅದು ನನಗ ಬರೂದಿಲ್ಲವ್ವ. ಮೇಲಿನವ್ರನ್ನ ಕೇಳು.”

ನಾಲ್ವತ್ತೊಂದು ಬಟ್ಟೆಗಳು ಜಫ್ತಿಯಾದವು. ಹಂಪಮ್ಮ ನಾಕಾದ ಕಲ್ಲಿನ ಮೇಲೆ ಕೂತು ಬಾಯಿಗೆ ಸೆರಗು ಹಿಡಿದು ಅತ್ತಳಂತೆ. ಮರುದಿನದಿಂದ ಅವಳು ಸಂಡೂರಿಗೆ ಹೋಗಲಿಲ್ಲ. ಯಾರೂ ಅವಳ ಕೈಗೆ ಬಟ್ಟೆ ಕೊಡಲಿಲ್ಲ, ಮೊದಲು ಕೊಟ್ಟಿದ್ದವರು ಜಫ್ತಿಯಾದದ್ದನ್ನು ಕೇಳಿಕೊಂಡು ಬಂದು ಬೈದರು. ಎಂಟನೆಯ ಷರತ್ತಿನ ಅರವತ್ತು ದಿನಗಳು ಆ ದಿನದಿಂದ ಹೊಸದಾಗಿ ಶುರುವಾದವು. ನಾನೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ.

ಜಫ್ತಿ ಮಾಲನ್ನು ರಿಕಾರ್ಡು ಕೋಣೆಯಲ್ಲಿ ಇಡಬೇಕೆಂಬುದು ನಿಯಮ. ಅಲ್ಲಿ ನೆಲದಿಂದ ತೊಲೆಯವರೆಗೆ ಪ್ಲಗ್ಗಿನ ಬಗ್ಗೆ ನಾವು ಬಳ್ಳಾರಿಯ ಕಲೆಕ್ಟರಿಗೂ, ಕಲೆಕ್ಟರು ಮದ್ರಾಸಿಗೂ, ಮದ್ರಾಸು ನಮಗೂ ಬರೆದ ಕಡತಗಳಿದ್ದವು. ಬೇರೆ ಜಾಗವಿಲ್ಲದೆ, ಬಟ್ಟೆಗಳನ್ನು ಮಡಿಸಿ, ಹಲಗೆ ಇಟ್ಟು, ಅದರ ಮೇಲೆ ಕಡತಗಳನ್ನು ಪೇರಿಸಿದೆವು. ಮಳೆಗಾಲವಾದ್ದರಿಂದ ಕೋಣೆಯಲ್ಲಿ ಸ್ವಲ್ಪ ತೇವವೂ ಇತ್ತು.

ಐವತ್ತೊಂಬತ್ತನೆಯ ದಿನ ರಾಯರ ಮಾವನವರ ಷಷ್ಟ್ಯಬ್ದಿಗೆ ಕರಿಯ ಕೋಟು ಬೇಕೆಂದು ಮನೆಯಿಂದ ಬೇಡಿಕೆ ಬಂತು. ಆಗ ರಾಯರಿಗೆ ಬಟ್ಟೆ ಜಫ್ತಿಯಾದವರ ಬಗ್ಗೆ ಬಹಳ ಮರುಕ ಹುಟ್ಟಿ, ಎಲ್ಲವನ್ನೂ ಬಿಡುಗಡೆ ಮಾಡಿದರು. ಬಟ್ಟೆ ಗುರುತಿಸಲು ಹಂಪಮ್ಮನನ್ನು ಕರೆಸಿದೆವು. ಸೊರಗಿದ್ದಳು. ಲೈಸೆನ್ಸಿನ ಕಾಗದವನ್ನು ಒಪ್ಪಿಸಲೆಂದು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

ಕಡತಗಳನ್ನು ಇಳಿಸಿ ಹಲಗೆ ಎತ್ತಿದೆವು. ಹಂಪಮ್ಮ ಕೋಟನ್ನು ಬಿಡಿಸಿ, ತೋಳಿನ ಮಡಿಕೆಯ ಮೇಲೆ ಹೆಬ್ಬೆರಳು ಎಳೆದಳು. ಒಂದೂ ಸುಕ್ಕಿರಲಿಲ್ಲ. ಪಂಚೆಗಳ ಅಂಚು ಚಾಕುವಿನ ಹಾಗಿತ್ತು.

“ಇಪ್ಪತ್ತು ವರ್ಷ ಆತ್ರಿ ಇಸ್ತ್ರಿ ಮಾಡಾಕ್ಹತ್ತಿ,” ಎಂದಳು. “ನನ್ನ ಕೈಲೆ ಇಷ್ಟು ಚಲೋ ಒಮ್ಮೆನೂ ಬಂದಿಲ್ಲ.” ಕೋಟನ್ನು ಮಡಿಸಿಟ್ಟು ಕೇಳಿದಳು. “ರಾಯ್ರ, ಈ ಫೈಲಿನ ಬುಡಕ ನನಗಿಷ್ಟು ಜಾಗ ಕೊಡ್ತೀರೇನ್ರಿ?”

“ನಿನ್ನ ಲೈಸೆನ್ಸು ವಿದ್ಯುತ್ ಇಸ್ತ್ರಿಗೆ ಅಲ್ಲೇನು?”

“ಈ ಫೈಲ್ನ್ಯಾಗೆಲ್ಲಾ ಏನು ಬರದೈತ್ರಿ?”

ರಾಯರು ಕಡತದ ರಟ್ಟನ್ನು ಓದಿದರು. ‘ವಿದ್ಯುತ್’ ಎಂದಿತ್ತು. ಎಲ್ಲದರ ಮೇಲೂ ಹಾಗೆಯೇ ಇತ್ತು. ವಿದ್ಯುತ್ ಕಡತಗಳಿಂದಾದ ಇಸ್ತ್ರಿ ವಿದ್ಯುತ್ ಇಸ್ತ್ರಿಯೇ ಎಂದು ಅವರು ಅಲ್ಲೇ ನಿರ್ಣಯ ಬರೆಸಿದರು. ಲೈಸೆನ್ಸು ಉಳಿಯಿತು. ಹಂಪಮ್ಮ ಅವರ ಕಾಲಿಗೆ ಬಿದ್ದಳು. ಬೀಳಬೇಕಾದ ಕಾರಣ ನನಗೆ ಇವತ್ತಿಗೂ ಸರಿಯಾಗಿ ಹೊಳೆದಿಲ್ಲ, ಆದರೆ ಆಗ ನಾವೆಲ್ಲರೂ ಧನ್ಯರಾದೆವು.

ಅಂದಿನಿಂದ ಅಂಗಡಿ ನಮ್ಮ ರಿಕಾರ್ಡು ಕೋಣೆಗೆ ಬಂತು. ಸಾದಾ ಅಂಗಿಗೆ ರಜೆ ಅರ್ಜಿಗಳ ಕಟ್ಟು ಸಾಕು. ಗಂಜಿ ಹಾಕಿದ ಪಂಚೆಗೆ ಬಳ್ಳಾರಿಯ ಪತ್ರವ್ಯವಹಾರ ಬೇಕು. ರೇಷ್ಮೆಗೆ ಮೆತ್ತಗೆ, ಮೇಲಧಿಕಾರಿಗಳ ಶ್ಲಾಘನಾಪತ್ರ. ಪೊಲೀಸರ ಖಾಕಿಗೆ ಮಾತ್ರ ಲೆಕ್ಕತಪಾಸಣೆಯ ಆಕ್ಷೇಪಣೆಗಳನ್ನೇ ಹೇರಬೇಕಾಗುತ್ತಿತ್ತು. ಕೋಟಿಗೆ ಎಂಟು ದಿನ ಹಿಡಿಯುತ್ತಿತ್ತು. ಮದುವೆಯವರು ಮುಹೂರ್ತವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಂಡರು. ಭಾರ ಸಾಲದಾದಾಗ ಊರಿನವರು ತಾವಾಗಿ ತಕರಾರು ಅರ್ಜಿಗಳನ್ನು ಬರೆದುಕೊಟ್ಟರು. ನನಗೆ ಬಡ್ತಿ ಸಿಕ್ಕಿದ್ದೂ ಆ ಅರ್ಜಿಗಳ ಸಂಖ್ಯೆಯಿಂದಲೇ. ಅದೇ ವರ್ಷ ಮದ್ರಾಸಿನಿಂದ ಪತ್ರ ಬಂತು: ಇಡೀ ಪ್ರಾಂತ್ಯದಲ್ಲಿ ಸಾಕೆಟ್ಟಿನಿಂದ ಒಂದೂ ಅಪಘಾತವಾಗದ ಊರು ಹೊಸಪೇಟೆ, ಮೂರು ರಂಧ್ರದ ಈ ಯಶಸ್ಸನ್ನು ಇತರರು ಅನುಸರಿಸತಕ್ಕದ್ದು.

ಇಷ್ಟೆಲ್ಲ ಸುಸೂತ್ರವಾಗಿರುವಾಗ, ೧೯೪೦ರ ಫೆಬ್ರವರಿಯಲ್ಲಿ ಬಳ್ಳಾರಿಯ ಕುರ್ಚಿಗಳಿಗೆ ಜನ ಬಂದರು. ಒಂದೇ ವಾರದಲ್ಲಿ ಗೂಡ್ಸ್ ಗಾಡಿಯಲ್ಲಿ ಹತ್ತು ಪೆಟ್ಟಿಗೆ ಮೂರು ಕಡ್ಡಿಯ ಪ್ಲಗ್ಗುಗಳು ಇಳಿದವು. ಹಂಚಿಕೆಯಾದ ಕೂಡಲೇ ವಿಷಯವನ್ನು ಮುಕ್ತಾಯಗೊಳಿಸಿ ಕಡತಗಳನ್ನೆಲ್ಲ ಬಳ್ಳಾರಿಗೆ ಕಳಿಸಬೇಕೆಂದು ಆಜ್ಞೆ ಇತ್ತು.

ಹಂಪಮ್ಮ ಏದುಸಿರು ಬಿಡುತ್ತ ಬಂದಳು. “ಪ್ಲಗ್ಗ ಬಂದಾವಂತಲ್ರಿ ರಾಯ್ರ, ಖರೇನ?”

“ಬಂದಾವ ಹಂಪಮ್ಮ. ನೀನು ಕೇಳಿದ್ದು ಸಿಕ್ತು ನೋಡು.”

“ಕೇಳಿ ಎರಡು ವರ್ಷ ಆಗಾಕ ಬಂತ್ರಿ. ನನ್ನ ಪೆಟ್ಟಿಗಿ ತುಕ್ಕು ಹಿಡದು ಅದರ ತಂತಿ ಸೈತ ಉದುರಿ ಹೋತು. ಇನ್ನೊಂದು ತರಾಕ ಕಿವ್ಯಾಗ ಏನೈತ್ರಿ?” ಅವಳು ರಿಕಾರ್ಡು ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. “ಫೈಲ್ ಒಯ್ಯಬ್ಯಾಡ್ರಿ. ನನ್ನ ಹುಡುಗ್ಯಾರು ಅದರ ಬುಡಕ ಬದುಕ್ಯಾರ.”

ರಾಯರಿಗೂ ಕಷ್ಟವಾಯಿತು, ನನಗೂ. ಕಡತಗಳು ಹೋದರೆ ಕಚೇರಿ ಹೋಗುತ್ತಿತ್ತು. ವಿಷಯ ಮುಕ್ತಾಯವಾಗದಿರಲು ಒಂದು ತಕರಾರು ಬಾಕಿ ಇದ್ದರೆ ಸಾಕು. ನಾನು ಹಂಪಮ್ಮನ ಪರವಾಗಿ ಅರ್ಜಿ ಬರೆದೆ: ಬಂದ ಪ್ಲಗ್ಗುಗಳು ಮಾದರಿಗಿಂತ ಕೂದಲೆಳೆಯಷ್ಟು ದಪ್ಪವಾಗಿರಬಹುದೆಂದು ಅರ್ಜಿದಾರಳಿಗೆ ಅನುಮಾನ, ವಿಚಾರಣೆಯಾಗುವವರೆಗೆ ಯಾರೂ ಪೆಟ್ಟಿಗೆ ತೆರೆಯಬಾರದು. ವಕೀಲರು, ಸ್ಟೇಷನ್ ಮಾಸ್ತರರು, ಸಾಹುಕಾರರು ಸಂತೋಷದಿಂದ ಸಹಿ ಹಾಕಿದರು. ಹತ್ತೂ ಪೆಟ್ಟಿಗೆಗಳನ್ನು ದೊಡ್ಡಬಸಪ್ಪ ಕಡತಗಳ ಮೇಲೆಯೇ ಪೇರಿಸಿದ. ಉಣ್ಣೆಯ ಕೋಟುಗಳಿಗೆ ಅದು ಬಹಳ ಅನುಕೂಲವಾಯಿತು.

ಹಂಪಮ್ಮ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು.

“ಎಷ್ಟು ಹಾಳಿ ಆತ್ರಿ ಅರ್ಜಿ?”

“ಒಂದು.”

“ಇನ್ನೂ ನಾಕು ಬರೀರಿ,” ಎಂದಳು. “ಪೊಲೀಸ್ ದಫೇದಾರ್ರ ಕೋಟು ಬಂದೈತಿ.”