ಉಳವಪ್ಪನ ಅಂದಾಜು

ಉಳವಪ್ಪ ಒಂದು ಸಲ ಬಾಯಿ ತೆರೆದು "ಸಿಗೂದಿಲ್ಲ" ಅಂದದ್ದು, ಅದು ಖರೆಯಾದದ್ದು, ಇವೆರಡೇ ಅವನ ಗೋಳಿಗೆಲ್ಲ ಮೂಲ. ದಾಂಡೇಲಿಯ ಕಾಗದದ ಮಿಲ್ಲಿನ ಹೆಡ್ ಕ್ಲಾರ್ಕರ ಮಗ ಧಾರವಾಡದ ಕಾಲೇಜಿಗೆ ಅರ್ಜಿ ಹಾಕಿದ್ದ. ಅವನ ಮಾರ್ಕ್ಸ್ ಕಾರ್ಡನ್ನು ಉಳವಪ್ಪ ಚಹಾ ಕುಡಿಯುತ್ತ ನೋಡಿದ, ಸುಮ್ಮನೆ ಹಾಗಂದುಬಿಟ್ಟ. ಹುಡುಗನಿಗೆ ಸೀಟು ಸಿಗಲಿಲ್ಲ. ಅಂದಿನಿಂದ ಮಿಲ್ಲಿನ ಕೆಲಸಗಾರರ ಮನೆಸಾಲಾದ ಚಾಳಿನಲ್ಲಿ ಯಾರ ಮಕ್ಕಳು ಮೆಟ್ರಿಕ್ ಪಾಸಾದರೂ ಮೊದಲು ದೇವರ ಮುಂದೆ ಕಾಯಿ ಒಡೆಯುವುದು, ಆಮೇಲೆ ಉಳವಪ್ಪನ ಮುಂದೆ ಕಾರ್ಡು ಹಿಡಿಯುವುದು ರೂಢಿಯಾಯಿತು.

ಇದಕ್ಕೆ ಅವನ ಕೆಲಸವೂ ಒಂದು ಕಾರಣ. ಮಿಲ್ಲಿನ ಫಿನಿಶಿಂಗ್ ಖಾತೆಯಲ್ಲಿ ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ಇದು ಒಂದನೇ ನಂಬರು, ಇದು ಎರಡನೇ ನಂಬರು, ಇದು ರದ್ದಿ ಎಂದು ಬೇರೆ ಮಾಡುವವನು ಅವನು. ಅಷ್ಟು ಹಾಳೆ ನೋಡಿದ ಕಣ್ಣಿಗೆ ಒಂದು ಮಾರ್ಕ್ಸ್ ಕಾರ್ಡು ಯಾವ ಲೆಕ್ಕ ಎಂದು ಜನರ ನಂಬಿಕೆ. ಅವನೂ ಪಾಪ, ಕೈಯ ಅಭ್ಯಾಸ, ಕಾರ್ಡನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೇ ನೋಡುತ್ತಿದ್ದ.

ಆ ವರ್ಷ ಚಾಳಿನಲ್ಲಿ ಆರು ಮಕ್ಕಳು ಪಾಸಾದರು. ಐವರಿಗೆ ಉಳವಪ್ಪ ಸಿಗೂದಿಲ್ಲ ಎಂದು ಕೈ ಅಲ್ಲಾಡಿಸಿಬಿಟ್ಟ. ಫಿಟ್ಟರ್ ದುರ್ಗಪ್ಪನ ಮಗನಿಗೆ ನೂರಕ್ಕೆ ಐವತ್ತೆಂಟು, ಬಿದಿರಿನ ಯಾರ್ಡಿನಲ್ಲಿ ದುಡಿಯುವ ಅಗ್ನೆಸ್‌ಳ ಮಗಳಿಗೆ ಐವತ್ತೊಂದು, ಹಿಂದಿನ ಸಾಲಿನ ಇಬ್ಬರು ಹುಡುಗರಿಗೆ ಅದಕ್ಕೂ ಇದಕ್ಕೂ ನಡುವೆ. ಪಕ್ಕದ ಮನೆಯ ಯಲ್ಲವ್ವನ ಮಗನಿಗೆ ಅರವತ್ತನಾಲ್ಕು.

"ಒಂದ ಮಾರ್ಕಿನಾಗ ಹೋತು ನೋಡ ಯಕ್ಕಾ," ಎಂದಿದ್ದ ಉಳವಪ್ಪ. "ಅರವತ್ತೈದರ ಕೆಳಗ ಅವರು ಕಣ್ಣೆತ್ತಿ ಸುದ್ದಾ ನೋಡೂದಿಲ್ಲ. ಅರ್ಜಿ ರೊಕ್ಕ ಯಾಕ ಹಾಳ ಮಾಡ್ತಿ?"

ಯಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗಿದ್ದಳು. ಅರವತ್ತೈದು ಎಂಬ ಗೆರೆಯನ್ನು ಎಳೆದವರು ಯಾರು, ಎಲ್ಲಿ ಬರೆದಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಉಳವಪ್ಪನಿಗೂ ಗೊತ್ತಿರಲಿಲ್ಲ.

ಆರನೆಯವಳು ಅವನ ಸ್ವಂತ ಮಗಳು ಹೊಳೆವ್ವ. ತಾಯಿಯಿಲ್ಲದ ಹುಡುಗಿ. ಮಿಲ್ಲಿನ ಲ್ಯಾಬೊರೇಟರಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಗೆಯಲ್ಲಿ ಏನೇನೋ ಅಲ್ಲಾಡಿಸುವವರನ್ನು ಒಂದು ದಿನ ಕಿಟಕಿಯಿಂದ ಕಂಡಿದ್ದಳು. ಅಂದಿನಿಂದ ತಾನೂ ಸೈನ್ಸ್ ಓದಿ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅವಳಿಗೆ ಬಿದ್ದದ್ದು ಅರವತ್ತೆರಡು.

ಮಂದಿಯ ಮಕ್ಕಳ ಅರವತ್ತನಾಲ್ಕು ಉಳವಪ್ಪನಿಗೆ ಅರವತ್ತನಾಲ್ಕಾಗಿಯೇ ಕಂಡಿತ್ತು. ಮಗಳ ಅರವತ್ತೆರಡನ್ನು ಬೆಳಕಿಗೆ ಹಿಡಿದರೆ ಎಂಬತ್ತಕ್ಕಿಂತ ಒಂದೂ ಕಡಿಮೆ ಕಾಣಲಿಲ್ಲ. ತಂದೆಯ ಕಣ್ಣು, ಏನು ಮಾಡುವುದು! "ನಿನಗ ಸಿಗತೈತಿ ಬಿಡವ್ವಾ," ಎಂದ. ಅಂದ ಮೇಲೆ ಬಾಗಿಲಿಗೆ ಹೋಗಿ ಆಚೆ ಈಚೆ ನೋಡಿ ಬಂದ. ಯಲ್ಲವ್ವನಿಗೆ ಗೊತ್ತಾದರೆ?

ಈ ಭಯದಲ್ಲೇ ದಿನ ತಳ್ಳುತ್ತ ತಳ್ಳುತ್ತ ಅರ್ಜಿಗೆ ಕಡೆಯ ದಿನವಾದ ಶನಿವಾರ ಬಂತು. ಸಂಜೆ ಐದಕ್ಕೆ ಕಾಲೇಜಿನ ಆಫೀಸು ಬಾಗಿಲು ಹಾಕುತ್ತದೆ, ಆಮೇಲೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ಟಪಾಲಿಗೆ ಹಾಕಿದರೆ ಮುಟ್ಟುವ ಹೊತ್ತು ಮೀರಿತ್ತು. ಉಳಿದದ್ದು ಹನ್ನೆರಡರ ಧಾರವಾಡ ಬಸ್ಸು, ಅದರ ಕಂಡಕ್ಟರ್ ಅಬ್ದುಲ್. ದಾಂಡೇಲಿಯ ಉಪ್ಪಿನಕಾಯಿ, ಔಷಧ, ಲಗ್ನಪತ್ರಿಕೆ ಎಲ್ಲವೂ ಧಾರವಾಡಕ್ಕೆ ಹೋಗುತ್ತಿದ್ದದ್ದು ಅವನ ಕೈಯಲ್ಲೇ. ಅಲ್ಲದೆ ಅವನ ಭಾವ ಆ ಕಾಲೇಜಿನಲ್ಲೇ ಜವಾನ. "ಅಣ್ಣಾ, ನೀವು ಬರೂತನಕಾ ಬಸ್ಸು ಬಿಡೂದಿಲ್ಲ," ಎಂದು ಶುಕ್ರವಾರವೇ ಮಾತು ಕೊಟ್ಟಿದ್ದ.

ಎರಡನೇ ಪಾಳಿಯಾದ್ದರಿಂದ ಮುಂಜಾನೆ ಬಿಡುವಿತ್ತು. ಹನ್ನೊಂದಕ್ಕೆ ಉಳವಪ್ಪ ಲಕೋಟೆಯನ್ನು ಅಂಗಿಯೊಳಗೆ, ಹೊಟ್ಟೆಗೆ ಆನಿಸಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು ಹೊರಬಿದ್ದ.

ನಳದ ಹತ್ತಿರ ಯಲ್ಲವ್ವ ಸಿಕ್ಕಳು. ಕೊಡವಿಲ್ಲ, ಬಕೆಟ್ಟಿಲ್ಲ, ಸುಮ್ಮನೆ ನಿಂತಿದ್ದಾಳೆ.

"ಎಲ್ಲಿಗೆ ಹೊಂಟಿ ಅಣ್ಣಾ ಇಷ್ಟೊತ್ತಿನಾಗ?"

"ಎಲ್ಲಿಗಿ? ಎಲ್ಲಿಗೂ ಇಲ್ಲ. ದಾಡಿ ಮಾಡಿಸ್ಕೊಂಡು ಬರ್ತೇನಿ."

"ಹೌದ ಹೌದ, ಭಾಳ ಬೆಳದೈತಿ. ಸಾವಕಾಶ ಮಾಡಿಸ್ಕೊ, ಗಡಿಬಿಡಿ ಮಾಡಬ್ಯಾಡ," ಎಂದಳು ಯಲ್ಲವ್ವ, ಎಂದೂ ಇಲ್ಲದ ಅಕ್ಕರೆಯಿಂದ.

ಹಿಂದೆಯೇ ಬರುತ್ತಿದ್ದ ದುರ್ಗಪ್ಪ ಆ ಮಾತು ಕೇಳಿಸಿಕೊಂಡ. "ದಾಡಿಗೇನ್ರಿ? ನಡೀರಿ, ನಾನೂ ಅಲ್ಲಿಗೇ ಹೊಂಟೇನಿ," ಎಂದು ಉಳವಪ್ಪನ ರಟ್ಟೆ ಹಿಡಿದ. ಫಿಟ್ಟರನ ಹಿಡಿತ, ನಟ್ಟಿಗೆ ಪಾನಾ ಹಾಕಿ ಬಿಗಿದಂತೆ. ಬಿಡಿಸಿಕೊಳ್ಳುವುದು ಹೇಗೆ? ಸುಳ್ಳು ಹೇಳಿದವನು ಕಟಿಂಗ್ ಅಂಗಡಿಯವರೆಗೆ ನಡೆದೇ ಹೋಗಬೇಕಾಯಿತು.

"ಮೊದಲ ಇವರದ ಮಾಡ್ರಿ. ನಾ ಬೀಡಿ ತಗೊಂಡು ಬಂದೆ," ಎಂದು ದುರ್ಗಪ್ಪ ಅವನನ್ನು ಕುರ್ಚಿಗೆ ಒತ್ತಿ ಕೂಡಿಸಿ, ಹೋದವನು ಹೋದನೇ.

ಕ್ಷೌರಿಕ ಎರಡೂ ಗಲ್ಲಕ್ಕೆ ಧಾರಾಳ ಸಾಬೂನು ಬಳಿದ. ಕತ್ತಿ ಮಸೆದು ಎಡಗಲ್ಲ ಮುಗಿಸಿದ. ಆಮೇಲೆ ಕತ್ತಿಯನ್ನು ಕುತ್ತಿಗೆಯ ಮೇಲಿಟ್ಟು ಅಲ್ಲೇ ನಿಲ್ಲಿಸಿದ.

"ಉಳವಪ್ಪಣ್ಣಾರ, ನಮ್ಮ ಹುಡುಗ ಎಂಟನೇ ಇಯತ್ತೆ ಕಲಿಯಾಕತ್ತಾನ. ಲೆಕ್ಕದಾಗ ಮೂವತ್ತು ಬಿದ್ದಾವ. ನಿಮ್ಮ ಅಂದಾಜಿನ ಪ್ರಕಾರ ಡಾಕ್ಟರ್ ಆದಾನೇನ್ರಿ?"

ಕುತ್ತಿಗೆಯ ಮೇಲೆ ಕತ್ತಿಯಿರುವಾಗ ಎಂಥ ಸತ್ಯವಂತನಾದರೂ ಎರಡು ಸಲ ಯೋಚನೆ ಮಾಡುತ್ತಾನೆ. "ಇನ್ನೂ... ಟೈಮ ಐತಿ ಬಿಡ್ರಿ," ಎಂದ ಉಳವಪ್ಪ ತುಟಿ ಅಲ್ಲಾಡಿಸದೆ.

"ಲೆಕ್ಕ ಸುಧಾರಿಸಿದ್ರ?"

ಅಷ್ಟರಲ್ಲಿ ಸ್ಟ್ಯಾಂಡಿನ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. ಉಳವಪ್ಪ ಕತ್ತಿಯನ್ನು ಸರಿಸಿ, ಕೊರಳಿನ ಬಟ್ಟೆಯ ಸಮೇತ ಎದ್ದು ಓಡಿದ. "ಅಣ್ಣಾರ, ಬಲಗಡೆದು!" ಎಂದು ಕ್ಷೌರಿಕ ಅಂಗಡಿಯ ಮೆಟ್ಟಲಲ್ಲಿ ನಿಂತು ಕೂಗಿಕೊಂಡ.

ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಪುಣ್ಯ! ಅಬ್ದುಲ್ ಮಾತ್ರ ಕಾಣಲಿಲ್ಲ, ಕಂಟ್ರೋಲ್ ರೂಮಿಗೆ ಸಹಿ ಮಾಡಲು ಹೋಗಿದ್ದ. ಅವನ ಬದಲಿಗೆ ಕಂಡವರು ಯಲ್ಲವ್ವ, ದುರ್ಗಪ್ಪ, ಅಗ್ನೆಸ್. ಹಿಂದಿನ ಸಾಲಿನ ಹುಡುಗರ ತಂದೆಯರಿಬ್ಬರೂ ಬೇವಿನ ಗಿಡದ ಮರೆಯಲ್ಲಿದ್ದರು. ಒಂದು ಗಲ್ಲ ನುಣ್ಣಗೆ, ಇನ್ನೊಂದು ಗಲ್ಲದ ಮೇಲೆ ಬೆಳ್ಳನೆ ನೊರೆ, ಕೊರಳಲ್ಲಿ ಬಟ್ಟೆ. ಹೀಗೆ ಓಡಿಬಂದ ಉಳವಪ್ಪನನ್ನು ಕಂಡು ಐವರೂ ಬೆಚ್ಚಿದರು. ಅವನೂ ಬೆಚ್ಚಿ ಗಕ್ಕನೆ ನಿಂತ. ನಿಂತ ರಭಸಕ್ಕೆ ಅಂಗಿಯೊಳಗಿನ ಲಕೋಟೆ ಜಾರಿ ಎಲ್ಲರ ನಡುವೆ ಬಿತ್ತು.

ದುರ್ಗಪ್ಪ ಎತ್ತಿಕೊಂಡ. ಮೇಲಿನ ಬರಹವನ್ನು ಗಟ್ಟಿಯಾಗಿ ಓದಿದ. "ಪ್ರಿನ್ಸಿಪಾಲ್ ಸಾಹೇಬರಿಗೆ. ಕಳಿಸಿದಾಕಿ, ಹೊಳೆವ್ವ ಉಳವಪ್ಪ."

ಯಲ್ಲವ್ವ ಸೊಂಟಕ್ಕೆ ಸೆರಗು ಸಿಗಿಸಿದಳು.

"ಅರವತ್ತೆರಡಲ್ಲೇನು ನಿನ್ನ ಮಗಳಿಗೆ? ನಮ್ಮ ಹುಡುಗನ ಅರವತ್ತನಾಲ್ಕಕ್ಕ ಸಿಗೂದಿಲ್ಲ, ಅಕೀ ಅರವತ್ತೆರಡಕ್ಕ ಸಿಗತೈತೇನೋ ಅಣ್ಣಾ? ನಮ್ಮನ್ನೆಲ್ಲಾ ಬಾಜೂಕ ಸರಿಸಿ ನಿನ್ನ ಹಾದಿ ಹಸನ ಮಾಡ್ಕೊಂಡ್ಯಲ್ಲ!"

"ಹಂಗಲ್ಲ ಯಕ್ಕಾ..."

"ಮತ್ತ ಹೆಂಗ್ರಿ?" ಎಂದ ದುರ್ಗಪ್ಪ. "ಮಂದಿ ಮಕ್ಕಳಿಗೊಂದು ಅಳತಿ, ನಿಮ್ಮ ಮಗಳಿಗೊಂದು ಅಳತಿ. ಮಿಲ್ಲಿನಾಗೂ ಹಿಂಗ ಮಾಡ್ತೀರೇನು?"

ಅದು ನಾಟಿತು. ಹದಿನಾಲ್ಕು ವರ್ಷದ ಸರ್ವಿಸ್ಸಿನಲ್ಲಿ ಎರಡನೇ ನಂಬರಿನ ಒಂದು ಹಾಳೆಯನ್ನೂ ಅವನು ಒಂದನೇ ನಂಬರಿಗೆ ಸೇರಿಸಿದವನಲ್ಲ. ಮುಖದ ಮೇಲಿನ ನೊರೆಯೊಳಗೇ ಕೆಂಪಗಾದ. ಅಗ್ನೆಸ್ ನೆಲ ನೋಡುತ್ತ ನಿಂತದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚಾಯಿತು. ಅಯ್ಯೋ, ಆ ಹೊತ್ತಿನಲ್ಲಿ ಅವನ ನಾಲಿಗೆಯನ್ನಾದರೂ ಕೈಯನ್ನಾದರೂ ಯಾರಾದರೂ ಹಿಡಿಯಬಾರದಿತ್ತೇ!

"ನಾ ಮೋಸಗಾರಲ್ಲ," ಎಂದು ಅವನು ಲಕೋಟೆಯನ್ನು ಕಸಿದುಕೊಂಡ. "ನಿಮಗ ಸಿಗೂದಿಲ್ಲ ಅಂದಮ್ಯಾಲೆ ನನ್ನ ಮಗಳಿಗೂ ಸಿಗೂದಿಲ್ಲ. ನೋಡ್ರಿ!" ಪರ್ರನೆ ಎರಡು ತುಂಡು ಮಾಡಿದ. ಕೈಗೆ ಬಲ ಬಂದು ನಾಲ್ಕು ಮಾಡಿದ. ಅರ್ಜಿಯ ಮೇಲೆ ಹೆಡ್ ಮಾಸ್ತರರು ಒತ್ತಿದ್ದ ಶಿಕ್ಕಾ ನಟ್ಟನಡುವೆ ಹರಿದುಹೋಯಿತು.

"ಏ ಅಣ್ಣಾ, ಬ್ಯಾಡ, ಬ್ಯಾಡ!" ಎಂದು ಅಗ್ನೆಸ್ ಮುಂದೆ ಬರುವುದರೊಳಗೆ ಎಲ್ಲ ಮುಗಿದಿತ್ತು.

ಆಗ ಅಬ್ದುಲ್ ಓಡುತ್ತ ಬಂದು ಬಸ್ಸಿನ ಮೆಟ್ಟಲು ಹತ್ತಿದ. "ಬಂದ್ರಲ್ಲ ಉಳವಪ್ಪಣ್ಣಾ! ಲಗೂ ಕೊಡ್ರಿ. ಡ್ರೈವರ್ ಕಡೆ ಬೈಸ್ಕೊಂಡು ನಿಮ್ಮ ಸಲುವಾಗಿ ನಿಲ್ಲಿಸೇನಿ. ನಿಮ್ಮ ಚಾಳಿನವು ಐದೂ ಅರ್ಜಿ ಆಗಲೇ ಬಂದಾವ," ಎಂದು ಚರ್ಮದ ಚೀಲ ತಟ್ಟಿ ತೋರಿಸಿದ. "ನಿಮ್ಮ ಹುಡುಗೀದ ಒಂದ ಬಾಕಿ ಐತಿ."

ಉಳವಪ್ಪ ಚೀಲ ನೋಡಿದ. ಐವರ ಕಡೆಗೂ ನೋಡಿದ. ಯಲ್ಲವ್ವನಿಗೆ ಸೆರಗಿನ ಅಂಚಿನಲ್ಲಿ ಏನೋ ಕಂಡಿತು. ದುರ್ಗಪ್ಪ ಬೀಡಿ ಹಚ್ಚಲು ನಾಲ್ಕು ಕಡ್ಡಿ ಗೀರಿದ. ಬೇವಿನ ಗಿಡದ ಹತ್ತಿರದವರು ಅಲ್ಲಿರಲೇ ಇಲ್ಲ. ಇಡೀ ಚಾಳಿನಲ್ಲಿ ಉಳವಪ್ಪನ ಮಾತನ್ನು ನಂಬಿದವನು ಉಳವಪ್ಪ ಒಬ್ಬನೇ ಎಂದು ಅವನಿಗೆ ಆಗ ತಿಳಿಯಿತು.

ಅಬ್ದುಲ್ ಅವನ ಕೈಯಲ್ಲಿದ್ದ ಚೂರುಗಳನ್ನು ಕಂಡು ಸಪ್ಪಗಾದ. "ಹರಿದದ್ದು ತಗೊಳ್ಳೂದಿಲ್ರೀ ಅವರು," ಎಂದ ಮೆಲ್ಲಗೆ. ಡ್ರೈವರ್ ಬೈಯುತ್ತಿದ್ದ. ಅಬ್ದುಲ್ ಸೀಟಿ ಊದಿದ, ಬಸ್ಸು ಹೋಯಿತು.

ಮನೆಯ ಬಾಗಿಲಲ್ಲಿ ಹೊಳೆವ್ವ ಕಾಯುತ್ತಿದ್ದಳು. ಅಪ್ಪನ ಅರ್ಧ ಮುಖದ ಮೇಲೆ ಒಣಗಿದ ಸಾಬೂನು ಕಂಡು ನಕ್ಕೇ ನಕ್ಕಳು. "ಬಸ್ಸಿಗೆ ಓಡಿದ್ಯೇನು? ಕೊಟ್ಟ್ಯಾ ಅಪ್ಪಾ?"

ಅವನು ಮುಷ್ಟಿ ಬಿಚ್ಚಿ ತೋರಿಸಿದ. ನಡೆದದ್ದನ್ನು ತೊದಲುತ್ತ ಹೇಳಿದ. ಅವಳು ಚೂರುಗಳನ್ನು ಕಟ್ಟೆಯ ಮೇಲಿಟ್ಟು ಜೋಡಿಸಿ ನೋಡಿದಳು. ಜೋಡಿಸಿ ಏನು ಪ್ರಯೋಜನ?

"ಅವರೆಲ್ಲಾ ಹಾಕಿದ್ದು ನಂಗೊತ್ತಿತ್ತಪ್ಪಾ," ಎಂದಳು ಕಡೆಗೆ. "ಐದೂ ಅರ್ಜಿ ನಾನ ಬರದ ಕೊಟ್ಟೇನಿ. ಇಂಗ್ಲೀಷಿನಾಗ ತುಂಬಾಕ ಅವರಿಗೆ ಬರೂದಿಲ್ಲಲ್ಲ. ನಿನಗ ಹೇಳಬ್ಯಾಡ ಅಂದ್ರು, ಅಣ್ಣಗ ಬ್ಯಾಸರ ಆಗತೈತಿ ಅಂತ."

ಉಳವಪ್ಪ ಕಟ್ಟೆಯ ಮೇಲೆ ಚೂರುಗಳ ಪಕ್ಕ ಕೂತ. ಅವಳು ಒಳಗಿನಿಂದ ಒದ್ದೆ ಬಟ್ಟೆ ತಂದು ಅವನ ಗಲ್ಲ ಒರೆಸಿದಳು. "ಇರ್ಲಿ ಬಿಡ. ಮುಂದಿನ ವರ್ಷ ಹಾಕೂಣು," ಎಂದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಜುಲೈಯಲ್ಲಿ ಕಾಲೇಜಿನಲ್ಲಿ ಸೀಟು ಸಿಕ್ಕವರ ಯಾದಿ ಹಚ್ಚಿದರು. ಆ ವರ್ಷ ಕಾಲೇಜಿನವರು ಇನ್ನೊಂದು ವರ್ಗ ತೆರೆದಿದ್ದರಂತೆ. ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಕ್ಕಿತ್ತು, ಐವತ್ತೊಂದರವಳಿಗೂ. ಐದು ಮನೆಯಿಂದಲೂ ಪೇಢೆ ಬಂತು. ಯಲ್ಲವ್ವ ಹೊಳೆವ್ವನ ಕೈಗೇ ಪೊಟ್ಟಣ ಕೊಟ್ಟು, "ನಿನ್ನ ಅಕ್ಷರದ ಗುಣ ಯವ್ವಾ," ಎಂದು ಅತ್ತಳು. ಅವಳ ಅಳು ನಾಟಕವಾಗಿರಲಿಲ್ಲ.

ಮುಂದಿನ ವರ್ಷ ಎಂಬುದು ಹೆಣ್ಣುಮಕ್ಕಳ ಪಾಲಿಗೆ ಬರುವ ರೀತಿಯೇ ಬೇರೆ. ಸಂಕ್ರಾಂತಿ ಮುಗಿದ ಮೇಲೆ ಹೊಳೆವ್ವನಿಗೆ ಹಳಿಯಾಳದ ಕಡೆಯ ಗಂಡು ಗೊತ್ತಾಯಿತು. ಒಳ್ಳೆಯ ಮನೆತನ, ಮೇಲೆ ಉಳವಪ್ಪನ ಅಣ್ಣತಮ್ಮಂದಿರೆಲ್ಲ ಸೇರಿ ಒತ್ತಾಯ. ಉಳವಪ್ಪ ಬೇಡವೆನ್ನಲು ಒಂದೆರಡು ಸಲ ಬಾಯಿ ತೆರೆದ. ತನ್ನ ಮಾತಿನ ಮೇಲೆ ತನಗೇ ನಂಬಿಕೆಯಿಲ್ಲದೆ ಮುಚ್ಚಿಕೊಂಡ.

ಲಗ್ನಕ್ಕೆ ಹದಿನೈದು ದಿನವಿದ್ದಾಗ ಮೆಟ್ರಿಕ್ ಫಲಿತಾಂಶ ಬಂತು. ಅದೇ ದಿನ ಮಧ್ಯಾಹ್ನ ಆಚೆ ಚಾಳಿನ ಮಾಲವ್ವ ಮಗನ ಮಾರ್ಕ್ಸ್ ಕಾರ್ಡು, ಕಾಲೇಜಿನ ಖಾಲಿ ಅರ್ಜಿ ಎರಡನ್ನೂ ಹಿಡಿದು ಬಂದು ನಿಂತಳು. ಉಳವಪ್ಪ ಕೈಮುಗಿದ. "ನಾ ಅದನ್ನೆಲ್ಲಾ ಬಿಟ್ಟೇನವ್ವಾ. ನನಗೇನೂ ತಿಳಿಯೂದಿಲ್ಲ."

"ತಿಳಿಯೂದ ಬ್ಯಾಡ ಅಣ್ಣಾ," ಎಂದಳು ಮಾಲವ್ವ. "ನೀವು ಸಿಗೂದಿಲ್ಲ ಅಂದ ಐದೂ ಮಂದಿಗೆ ಸಿಕ್ತು. ಸಿಗತೈತಿ ಅಂದಿದ್ದು ಒಬ್ಬಾಕಿಗೆ, ಅಕಿಗೊಬ್ಬಾಕಿಗೇ ಸಿಗಲಿಲ್ಲ. ಊರಿಗೆಲ್ಲಾ ಗೊತ್ತಾಗೇತಿ. ನಮ್ಮ ಹುಡುಗಗ ಸಿಗೂದಿಲ್ಲ ಅಂತ ಒಂದ ಮಾತು ಅಂದಬಿಡ್ರಿ, ನಿಮ್ಮ ಕಾಲ ಬೀಳ್ತೇನಿ."

ಅವಳು ನಿಜವಾಗಿಯೂ ಬಗ್ಗಿದಳು. ಉಳವಪ್ಪ ಕಾರ್ಡಿನ ಕಡೆ ನೋಡಲೂ ಇಲ್ಲ. "ಸಿಗೂದಿಲ್ಲವ್ವಾ," ಎಂದ. ಮಾಲವ್ವನ ಮುಖ ಅರಳಿತು.

ಒಳಗೆ ಹೊಳೆವ್ವ ಲಗ್ನದ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಳು. ಅದನ್ನು ಬದಿಗಿಟ್ಟು, ಪೆನ್ನು ಹುಡುಕಿಕೊಂಡು ಹೊರಗೆ ಬಂದು ಕೂತಳು. "ಅರ್ಜಿ ತಾ ಇಲ್ಲೆ ಮಾಲವ್ವಕ್ಕಾ, ತುಂಬಿ ಕೊಡ್ತೇನಿ," ಎಂದಳು. ಎರಡು ಸಾಲು ಬರೆದು, ತಲೆ ಎತ್ತದೆಯೇ, ನಗುತ್ತ ಅಂದಳು:

"ಅವತ್ತ ನನಗೂ ಸಿಗೂದಿಲ್ಲ ಅಂದಬಿಡಬೇಕಿತ್ತಪ್ಪಾ ನೀ."